ಬಾಯಿಬಿಟ್ಟು ಹೇಳದ ಆಜ್ಞೆ

ಗೂಢಚಾರ ಸಿನಿಮಾಗಳ ಮಾತು ಬಂದಾಗಲೆಲ್ಲ ‘ಕ್ಲಿಯರ್ ಅಂಡ್ ಪ್ರೆಸೆಂಟ್ ಡೇಂಜರ್’ ಚಿತ್ರಕ್ಕೆ ಪ್ರತ್ಯೇಕ ಮಣೆ ಹಾಕುವವರಿದ್ದಾರೆ. ಬಾಂಡ್ ಚಿತ್ರಗಳು ಮೋಜಿಗೆ, ಇದು ವಿಚಾರಕ್ಕೆ ಎಂಬುದು ಅವರ ಮಾತು. ಅಮೆರಿಕ ತನ್ನ ಅಧ್ಯಕ್ಷನನ್ನೇ ಕಟಕಟೆಗೆ ಎಳೆದ ಚಿತ್ರ, ಸರ್ಕಾರ ತನ್ನ ಸೈನಿಕರನ್ನು ಕಾಡಿನಲ್ಲಿ ಕೈಬಿಟ್ಟ ಕಥೆಯನ್ನು ಹಾಲಿವುಡ್ ಎದೆಗಾರಿಕೆಯಿಂದ ಹೇಳಿದ ಚಿತ್ರ ಎಂದು ಹೊಗಳುತ್ತಾರೆ. ನಾನು ಇದನ್ನು ಹಲವು ಸಲ ನೋಡಿದ್ದೇನೆ. ಪ್ರತಿ ಸಲವೂ ಮೊದಲರ್ಧಕ್ಕೆ ತಲೆದೂಗಿದ್ದೇನೆ, ಕೊನೆಯಲ್ಲಿ ಏನೋ ಕಳೆದುಕೊಂಡವನಂತೆ ಎದ್ದಿದ್ದೇನೆ. ಕಳೆದುಹೋದದ್ದು ಏನು, ಎಲ್ಲಿ ಎಂಬುದನ್ನು ಈಗ ಸ್ಪಷ್ಟವಾಗಿ ಹೇಳಬೇಕೆನಿಸುತ್ತಿದೆ.

ಕಥೆ ಗೊತ್ತಿದ್ದದ್ದೇ. ಟಾಮ್ ಕ್ಲಾನ್ಸಿಯ ಕಾದಂಬರಿ 1989ರಲ್ಲಿ ಬಂದು ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಯಿತು. ಫಿಲಿಪ್ ನಾಯ್ಸ್ 1994ರಲ್ಲಿ ಅದನ್ನು ತೆರೆಗೆ ತಂದ. ಹ್ಯಾರಿಸನ್ ಫೋರ್ಡ್ ಇಲ್ಲಿ ಜಾಕ್ ರಯನ್. ಸಿಐಎಯ ಹಿರಿಯ ಗ್ರೀರ್ ಕ್ಯಾನ್ಸರ್‌ನಿಂದ ಮಲಗಿದಾಗ ರಯನ್ ಆ ಕುರ್ಚಿಗೆ ಬರುತ್ತಾನೆ. ಅಷ್ಟರಲ್ಲಿ ಅಧ್ಯಕ್ಷನ ಗೆಳೆಯನ ಕುಟುಂಬವನ್ನು ಕೊಲಂಬಿಯಾದ ಕೊಕೇನ್ ದೊರೆಗಳು ಕೊಲ್ಲಿಸಿರುತ್ತಾರೆ. ರಯನ್‌ಗೆ ತಿಳಿಯದಂತೆ ಅಮೆರಿಕದ ಸೈನಿಕರು ಕೊಲಂಬಿಯಾದ ಕಾಡಿಗೆ ಇಳಿಯುತ್ತಾರೆ. ಕೊಕೇನ್ ದೊರೆಯ ಬಳಿ ಚಾಕರಿಗಿರುವ ಮಾಜಿ ಕ್ಯೂಬನ್ ಗೂಢಚಾರ ಕಾರ್ಟೆಜ್, ಅಧ್ಯಕ್ಷನ ಭದ್ರತಾ ಸಲಹೆಗಾರ ಕಟರ್ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಳ್ಳುತ್ತಾನೆ. ಸೈನಿಕರ ಸಂಪರ್ಕ ಕಡಿದುಹೋಗುತ್ತದೆ. ರಯನ್ ತಾನೇ ಹೊರಟು ಉಳಿದವರನ್ನು ಕರೆತರುತ್ತಾನೆ.

ನನ್ನ ಮಾತೆಲ್ಲ ಒಂದು ದೃಶ್ಯದ ಸುತ್ತ. ಗೆಳೆಯನ ಸಾವಿನ ಸುದ್ದಿ ಬಂದ ಮೇಲೆ ಅಧ್ಯಕ್ಷ ಬೆನೆಟ್ ತನ್ನ ಕಚೇರಿಯಲ್ಲಿ ಕಟರ್ ಎದುರು ಮಾತಾಡುವ ದೃಶ್ಯ ಅದು. ಡೊನಾಲ್ಡ್ ಮೊಫಟ್ ಅಧ್ಯಕ್ಷ, ಹ್ಯಾರಿಸ್ ಯೂಲಿನ್ ಕಟರ್. ಅಧ್ಯಕ್ಷನಿಗೆ ಸಿಟ್ಟಿದೆ, ದನಿ ಮಾತ್ರ ಏರುವುದಿಲ್ಲ. ಈ ಮಾದಕವಸ್ತು ಜಾಲ ದೇಶಕ್ಕೆ ಸ್ಪಷ್ಟವಾದ, ಕಣ್ಣೆದುರಿನ ಅಪಾಯ ಎನ್ನುತ್ತಾನೆ. ತಾನು ಯಾವ ದಾರಿ ಸೂಚಿಸಬೇಕೆಂದಿದ್ದಾನೋ ಅದನ್ನು ಸೂಚಿಸುವ ಸ್ಥಿತಿಯಲ್ಲಿಲ್ಲ ಎಂಬರ್ಥದ ಮಾತಾಡಿ ಸುಮ್ಮನಾಗುತ್ತಾನೆ. ‘ಕೊಲ್ಲಿ’ ಎನ್ನುವುದಿಲ್ಲ, ‘ಸೈನ್ಯ ಕಳಿಸಿ’ ಎನ್ನುವುದಿಲ್ಲ. ಕಟರ್‌ಗೆ ಅರ್ಥವಾಯಿತು ಎಂಬುದು ಅವನ ಮುಖದಲ್ಲಿ ಕಾಣುತ್ತದೆ. ಯುದ್ಧ ಅಲ್ಲೇ ಶುರುವಾಯಿತು.

ನಮ್ಮ ಸರ್ಕಾರಿ ಕಚೇರಿಗಳನ್ನು ಬಲ್ಲವರಿಗೆ ಈ ವಿದ್ಯೆ ಹೊಸದಲ್ಲ. ಕಡತ ಮೇಲಕ್ಕೆ ಹೋಗುತ್ತದೆ. ಅಂಚಿನಲ್ಲಿ ‘ಚರ್ಚಿಸಿ’ ಎಂಬ ಒಂದೇ ಪದ ಹೊತ್ತು ಕೆಳಗೆ ಬರುತ್ತದೆ. ಕೋಣೆಯೊಳಗೆ ಏನು ಮಾತಾಯಿತೋ ಅದಕ್ಕೆ ಸಾಕ್ಷಿಯಿಲ್ಲ. ಚರ್ಚೆಯ ನಂತರ ಟಿಪ್ಪಣಿ ಬರೆಯಬೇಕಾದವನು ಕೆಳಗಿನವನು, ಸಹಿಯೂ ಅವನದೇ. ನಾಳೆ ವಿಚಾರಣೆ ಬಂದರೆ ಮೇಲಿನವರ ಕೈಬರಹದಲ್ಲಿ ಸಿಗುವುದು ಆ ಒಂದು ಪದ ಮಾತ್ರ. ಚಿತ್ರದ ಮೊದಲರ್ಧ ಈ ವಿದ್ಯೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಅಧ್ಯಕ್ಷನಿಂದ ಕಟರ್‌ಗೆ, ಕಟರ್‌ನಿಂದ ಸಿಐಎಯ ರಿಟರ್‌ಗೆ, ರಿಟರ್‌ನಿಂದ ಕಾಡಿನ ಕಾರ್ಯಾಚರಣೆ ನಡೆಸುವ ಕ್ಲಾರ್ಕ್‌ಗೆ, ಅಲ್ಲಿಂದ ಬಂದೂಕು ಹಿಡಿದ ಹುಡುಗರಿಗೆ. ಮೇಲಿನ ಮೌನ ಕೆಳಗಿಳಿಯುತ್ತ ಮಾತಾಗುತ್ತದೆ, ಕೊನೆಗೆ ಗುಂಡಾಗುತ್ತದೆ. ನಡುವಿನ ರಿಟರ್ ಮಾತ್ರ ಜಾಣ. ಅವನು ಕಾಗದ ಕೇಳಿ ಪಡೆದು ತನ್ನ ಬಳಿ ಇಟ್ಟುಕೊಳ್ಳುತ್ತಾನೆ. ಮುಂದೆ ರಯನ್ ಅವನನ್ನು ಹಿಡಿದಾಗ ಅವನ ರಕ್ಷೆಯೇ ಆ ಕಾಗದ, ರಯನ್ ಬಳಿ ಅಂಥದ್ದೊಂದೂ ಇಲ್ಲ. ರಿಟರ್ ಪಾತ್ರದ ಹೆನ್ರಿ ಚೆರ್ನಿ ಅದನ್ನು ರಯನ್‌ಗೆ ಹೇಳುವಾಗ ಮುಖದಲ್ಲಿ ಸುಳಿಯುವ ತಣ್ಣನೆಯ ನೆಮ್ಮದಿ ಇಡೀ ಚಿತ್ರದ ಅತ್ಯುತ್ತಮ ನಟನೆ.

ಚಿತ್ರದ ಹೆಸರೂ ಇದೇ ವಿದ್ಯೆಯ ಕೂಸು. ‘ಸ್ಪಷ್ಟ ಮತ್ತು ಪ್ರಸ್ತುತ ಅಪಾಯ’ ಎಂಬ ನುಡಿಗಟ್ಟು 1919ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪಿನದು. ಷೆಂಕ್ ಎಂಬ ಸಮಾಜವಾದಿ ಕಡ್ಡಾಯ ಸೈನ್ಯಭರ್ತಿಯ ವಿರುದ್ಧ ಕರಪತ್ರ ಹಂಚಿದ್ದಕ್ಕೆ ಆದ ಶಿಕ್ಷೆಯನ್ನು ಎತ್ತಿಹಿಡಿದ ತೀರ್ಪು ಅದು. ಮಾತನ್ನು ಯಾವಾಗ ತಡೆಯಬಹುದು ಎಂದು ಹೇಳಲು ಹುಟ್ಟಿದ ಪದಗಳು ಚಿತ್ರದ ಅಧ್ಯಕ್ಷನ ಬಾಯಲ್ಲಿ ಪರದೇಶದಲ್ಲಿ ಕೊಲ್ಲುವ ಪರವಾನಗಿಯಾಗುತ್ತವೆ. ಇದು ಬರೀ ಕಲ್ಪನೆಯೂ ಅಲ್ಲ. 1986ರ ಏಪ್ರಿಲ್‌ನಲ್ಲಿ ರೇಗನ್ ಸಹಿ ಹಾಕಿದ ನಿರ್ದೇಶನವೊಂದು ಮಾದಕವಸ್ತು ಸಾಗಾಟವನ್ನು ರಾಷ್ಟ್ರೀಯ ಭದ್ರತೆಯ ವಿಷಯವೆಂದು ಸಾರಿತ್ತು. ಒಮ್ಮೆ ಆ ಹೆಸರಿಟ್ಟರೆ ಪೊಲೀಸರ ಕೆಲಸ ಸೈನ್ಯದ ಕೆಲಸವಾಗಲು ಹೆಚ್ಚು ಹೊತ್ತು ಬೇಡ.

ಇಷ್ಟು ಆಳಕ್ಕೆ ಇಳಿದ ಚಿತ್ರ ಅಲ್ಲಿಂದ ಎದ್ದು ಓಡುವುದು ಪ್ರಸಿದ್ಧ ಕಂಪ್ಯೂಟರ್ ದೃಶ್ಯದಲ್ಲಿ. ರಯನ್ ತನ್ನ ಕೋಣೆಯಲ್ಲಿ ಕೂತು ರಿಟರ್‌ನ ಫೈಲುಗಳನ್ನು ತೆರೆಯುತ್ತಿದ್ದಾನೆ. ರಿಟರ್ ತನ್ನ ಕೋಣೆಯಲ್ಲಿ ಕೂತು ಒಂದೊಂದನ್ನೇ ಅಳಿಸುತ್ತಿದ್ದಾನೆ. ಹೊಡೆದಾಟವಿಲ್ಲ, ಬರೀ ಕೀಲಿಮಣೆಯ ಸದ್ದು. ಎಲ್ಲರೂ ಮೆಚ್ಚುವ ದೃಶ್ಯ, ಕಟ್ಟಿದ ರೀತಿಯನ್ನು ನಾನೂ ಮೆಚ್ಚುತ್ತೇನೆ. ಆದರೆ ಅದು ಏನು ನಂಬಿಸುತ್ತದೆ ನೋಡಿ. ದ್ರೋಹ ಒಂದು ಫೈಲಿನಲ್ಲಿದೆ, ಆ ಫೈಲು ಒಬ್ಬ ಒಳ್ಳೆಯ ಮನುಷ್ಯನ ಕೈಗೆ ಸಿಕ್ಕರೆ ಸತ್ಯ ಗೆಲ್ಲುತ್ತದೆ! ಚಿತ್ರವೇ ತೋರಿಸಿದ ಮೊದಲ ಆಜ್ಞೆ ಯಾವ ಫೈಲಿನಲ್ಲಿದೆ? ಆಡದ ಮಾತಿಗೆ ಫೈಲಿರುವುದಿಲ್ಲ.

ಇರಾನ್‌ಗೆ ಗುಟ್ಟಾಗಿ ಆಯುಧ ಮಾರಿ ಬಂದ ಹಣವನ್ನು ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ತಿರುಗಿಸಿದ ಇರಾನ್–ಕಾಂಟ್ರಾ ಹಗರಣ ಇದನ್ನು ಚಿತ್ರಕ್ಕಿಂತ ಮೊದಲೇ ಕಲಿಸಿತ್ತು. 1986ರ ನವೆಂಬರ್‌ನಲ್ಲಿ ಶ್ವೇತಭವನದ ಅಧಿಕಾರಿ ಆಲಿವರ್ ನಾರ್ತ್ ಕಾಗದಗಳನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿಸಿದ. ಅವನೂ ಅವನ ಮೇಲಧಿಕಾರಿ ಜಾನ್ ಪಾಯಿಂಡೆಕ್ಸ್‌ಟರ್‌ನೂ ಶ್ವೇತಭವನದ ಕಂಪ್ಯೂಟರಿನಿಂದ ಸಾವಿರಾರು ಸಂದೇಶಗಳನ್ನು ಅಳಿಸಿದರು. ಅವುಗಳ ನಕಲು ಬ್ಯಾಕಪ್ ಟೇಪುಗಳಲ್ಲಿ ಉಳಿದಿತ್ತು, ತನಿಖೆಯವರಿಗೆ ಸಿಕ್ಕಿತು. ಸತ್ಯ ಬಯಲಾದ ಮೇಲೆ ಆದದ್ದೇನು? ಹಣ ತಿರುಗಿಸಿದ ವಿಷಯವನ್ನು ಅಧ್ಯಕ್ಷ ರೇಗನ್‌ರಿಗೆ ಹೇಳಿರಲಿಲ್ಲ ಎಂದು ಪಾಯಿಂಡೆಕ್ಸ್‌ಟರ್ 1987ರಲ್ಲಿ ಕಾಂಗ್ರೆಸ್ ಮುಂದೆ ಹೇಳಿದ. ಇಬ್ಬರ ಶಿಕ್ಷೆಯೂ ಮೇಲ್ಮನವಿಯಲ್ಲಿ ಬಿದ್ದುಹೋಯಿತು. 1992ರ ಕ್ರಿಸ್‌ಮಸ್ ಮುನ್ನಾದಿನ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಇದೇ ಹಗರಣದ ಇನ್ನೂ ಆರು ಮಂದಿಗೆ ಕ್ಷಮೆ ಕೊಟ್ಟರು. ಫೈಲು ಸಿಕ್ಕಿತು, ಯಂತ್ರ ಹಾಗೆಯೇ ನಡೆಯಿತು. ಎರಡು ವರ್ಷದ ಮೇಲೆ ಬಂದ ಚಿತ್ರ ಇದೆಲ್ಲ ತಿಳಿದೂ, ಸತ್ಯ ಹೊರಬಂದರೆ ಸಾಕು ಎಂಬ ಸಮಾಧಾನವನ್ನು ನಮ್ಮ ಕೈಗಿಟ್ಟಿತು.

ಚಿತ್ರವನ್ನು ಮೆಚ್ಚುವವರಲ್ಲಿ ಎರಡು ಬಗೆ. ಮೊದಲ ಬಗೆಯವರಿಗೆ ಅದರ ‘ನೈಜತೆ’ ದೊಡ್ಡದು. ಬೊಗೋಟಾದ ಇಕ್ಕಟ್ಟು ಬೀದಿಯಲ್ಲಿ ಅಮೆರಿಕದ ವಾಹನಗಳ ಮೇಲೆ ಮಾಳಿಗೆಗಳಿಂದ ರಾಕೆಟ್ ಎರಗುವ ದೃಶ್ಯವನ್ನು ಬಾಯಿತುಂಬ ಹೊಗಳುತ್ತಾರೆ. ಸಂಕಲನ ನಿಜಕ್ಕೂ ಚುರುಕು. ಆದರೆ ಅಲ್ಲಿ ಸಾಯುವ ಅಮೆರಿಕದ ಅಧಿಕಾರಿಗೆ ಹೆಸರಿದೆ, ಹುದ್ದೆಯಿದೆ, ನಮಗೆ ಅವನ ಪರಿಚಯವಿದೆ. ಆ ಬೀದಿ ಯಾರದೋ ಅವರಿಗೆ ಹೆಸರಿಲ್ಲ. ಮುಂದೆ ಅಮೆರಿಕದ ಬಾಂಬು ಬಿದ್ದ ಮನೆಯಲ್ಲಿ ಮಕ್ಕಳೂ ಸಾಯುತ್ತಾರೆ. ಚಿತ್ರದ ಕುತೂಹಲವೆಲ್ಲ ಅದು ಎಂಥ ಬಾಂಬು ಎಂಬುದರ ಮೇಲೆ. ಆ ವರ್ಷಗಳಲ್ಲಿ ಕೊಲಂಬಿಯಾದವರು ತೆತ್ತದ್ದು ಸಣ್ಣದಲ್ಲ. ನ್ಯಾಯಮಂತ್ರಿ ಲಾರಾ ಬೊನಿಯಾರನ್ನು ಮಾದಕವಸ್ತು ಜಾಲದವರು 1984ರಲ್ಲಿ ಕೊಂದರು, ಅಧ್ಯಕ್ಷ ಹುದ್ದೆಯ ಅಭ್ಯರ್ಥಿ ಗಲಾನ್‌ರನ್ನು 1989ರ ಆಗಸ್ಟ್‌ನಲ್ಲಿ ಕೊಂದರು. ಅದೇ ನವೆಂಬರ್‌ನಲ್ಲಿ ಬಾಂಬಿಟ್ಟು ಉರುಳಿಸಿದ ಅವಿಯಾಂಕಾ ವಿಮಾನದಲ್ಲಿದ್ದ 107 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಈ ನೋವನ್ನು ಒಳಗಿನಿಂದ ಹೇಳುವುದು ಹೇಗೆಂದು ತಿಳಿಯಬೇಕಾದರೆ ಗಾರ್ಸಿಯಾ ಮಾರ್ಕೆಸ್ 1996ರಲ್ಲಿ ಬರೆದ ‘ನ್ಯೂಸ್ ಆಫ್ ಎ ಕಿಡ್ನ್ಯಾಪಿಂಗ್’ ಓದಬೇಕು. ಅಲ್ಲಿ ಒತ್ತೆಯಾಳುಗಳು ಹೆಸರುಳ್ಳ ಮನುಷ್ಯರು, ಕಾಯುವ ಪ್ರತಿ ದಿನವೂ ಒಂದು ಘಟನೆ. ಬಂದೂಕಿನ ಮಾದರಿ ಸರಿಯಿದ್ದ ಮಾತ್ರಕ್ಕೆ ನೈಜತೆ ಬರುವುದಿಲ್ಲ.

ಎರಡನೆಯ ಬಗೆಯವರು ಗೆಳೆಯರು, ಅವರೊಂದಿಗಿನ ಜಗಳ ನನಗೆ ಹೆಚ್ಚು ಮುಖ್ಯ. ‘ಏನೇ ಆಗಲಿ, ಅವರು ತಮ್ಮ ಅಧ್ಯಕ್ಷನನ್ನು ತಪ್ಪಿತಸ್ಥನನ್ನಾಗಿ ತೋರಿಸಿದರಲ್ಲ, ನಮ್ಮಲ್ಲಿ ಆದೀತೇ?’ ಎಂಬುದು ಅವರ ಪ್ರಶ್ನೆ. ನಮ್ಮ ಸಿನಿಮಾಗಳ ಅಂಜಿಕೆ ನನಗೂ ಗೊತ್ತು, ಅದಕ್ಕೆ ನಾನೂ ನೊಂದವನೇ. ಆದರೆ ನಮ್ಮ ಅಂಜಿಕೆಯಿಂದ ಅವರ ಧೈರ್ಯವನ್ನು ಅಳೆಯಬಾರದು. ಚಿತ್ರ ನಿಜವಾಗಿ ಯಾರನ್ನು ತಪ್ಪಿತಸ್ಥರೆನ್ನುತ್ತದೆ? ಹೊಲಸು ಒಪ್ಪಂದವನ್ನು ಹೊತ್ತು ತರುವವನು ಕ್ಯೂಬಾದವನು. ಮನೆಯೊಳಗಿನ ದ್ರೋಹಕ್ಕೆ ಹೊರಗಿನ ಸಂಚುಕೋರ ಬೇಕಾದ. ಕಾದಂಬರಿ ಹೊರಬಂದ ವರ್ಷದ ಏಪ್ರಿಲ್‌ನಲ್ಲೇ ಸೆನೆಟರ್ ಕೆರ್ರಿಯ ಉಪಸಮಿತಿ ವರದಿ ಕೊಟ್ಟಿತ್ತು. ಅಮೆರಿಕದ ಬೆಂಬಲವಿದ್ದ ಕಾಂಟ್ರಾಗಳ ನಂಟಿನವರೇ ಮಾದಕವಸ್ತು ಸಾಗಾಟದಲ್ಲಿದ್ದರು, ಸರ್ಕಾರದ ಸಂಸ್ಥೆಗಳಿಗೆ ಅದರ ಮಾಹಿತಿಯಿತ್ತು ಎಂದಿತ್ತು. ಪನಾಮಾದ ಸರ್ವಾಧಿಕಾರಿ ನೊರಿಯೆಗಾ ವರ್ಷಗಟ್ಟಲೆ ಸಿಐಎ ಹಣ ಪಡೆದವನು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾದಕವಸ್ತು ಸಾಗಾಟದ ಆರೋಪ ಹೊತ್ತ ಅವನನ್ನು ಹಿಡಿಯಲು ಅಮೆರಿಕದ ಸೈನ್ಯವೇ ಪನಾಮಾಕ್ಕೆ ನುಗ್ಗಿತು. ಆ ಕಾಲದ ನಿಜವಾದ ಕಾರ್ಟೆಜ್ ಹವಾನಾದ ಶಿಷ್ಯನಲ್ಲ, ವಾಷಿಂಗ್ಟನ್ನಿನ ಸಂಬಳದವನು. ಅವನನ್ನು ತೋರಿಸಿದ್ದರೆ ಗೆಳೆಯರ ಹೊಗಳಿಕೆಗೆ ನಾನೂ ದನಿಗೂಡಿಸುತ್ತಿದ್ದೆ.

ಕಾದಂಬರಿಗಿಂತ ಚಿತ್ರವೇ ಪ್ರಾಮಾಣಿಕ ಎನ್ನುವ ವಾದವೂ ಇದೆ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಕ್ಲಾನ್ಸಿಯ ರಾಜಕೀಯ ನನ್ನದಲ್ಲ. ಆದರೆ ಅವನ ಕಾದಂಬರಿಯಲ್ಲಿ ವಿಷಯ ಹೊರಬರುವುದಿಲ್ಲ. ಕಟರ್ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ, ಅಧ್ಯಕ್ಷ ಬೇಕೆಂದೇ ಚುನಾವಣೆ ಸೋಲುತ್ತಾನೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ರಯನ್‌ನ ಕೈಗೂ ಮಸಿ ಹತ್ತುತ್ತದೆ. ಆ ಕೊಳಕು ಸತ್ಯಕ್ಕೆ ಹತ್ತಿರ. ಚಿತ್ರ ಆ ಮಸಿಯನ್ನು ತೊಳೆದುಬಿಟ್ಟಿತು. ಆದರೂ ಅದರ ಕಲೆ ಚಿತ್ರದ ಆರಂಭದಲ್ಲೇ ಉಳಿದಿದೆ, ಚಿತ್ರಕ್ಕೆ ಗೊತ್ತಿಲ್ಲ ಅಷ್ಟೆ. ಸತ್ತ ಗೆಳೆಯನಿಗೂ ಮಾದಕವಸ್ತು ಹಣಕ್ಕೂ ನಂಟಿತ್ತೆಂದು ತಿಳಿದಾಗ ಸಲಹೆಗಾರರು ಅಧ್ಯಕ್ಷನಿಗೆ ದೂರ ಸರಿಯಿರಿ ಎನ್ನುತ್ತಾರೆ. ರಯನ್ ಮಾತ್ರ, ಆಪ್ತ ಗೆಳೆಯ ಎಂದೇ ಹೇಳಿಬಿಡಿ, ಆಗ ಪತ್ರಕರ್ತರಿಗೆ ಮುಂದೆ ಕೇಳಲು ಏನೂ ಉಳಿಯದು ಎನ್ನುತ್ತಾನೆ. ಇದನ್ನು ಅವನ ನೇರನುಡಿಯೆಂದು ಚಿತ್ರ ತೋರಿಸುತ್ತದೆ. ನಿಜ ಹೇಳುವುದನ್ನು ಬಾಯಿ ಮುಚ್ಚಿಸುವ ಉಪಾಯವಾಗಿ ಅಧಿಕಾರಕ್ಕೆ ಕಲಿಸಿಕೊಟ್ಟವನು ನಾಯಕನೇ. ಅದನ್ನು ಅಲ್ಲೇ ನಿಂತು ನೋಡಿದ್ದರೆ ಇದು ದೊಡ್ಡ ಚಿತ್ರವಾಗುತ್ತಿತ್ತು.

ನನ್ನನ್ನು ಹೆಚ್ಚು ಕಾಡುವುದು ಇಲ್ಲದ ಒಂದು ದೃಶ್ಯ. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಸೀತಾಪರಿತ್ಯಾಗ ಓದಿ ಬೆಳೆದವರು ನಾವು. ಅದು ಅನ್ಯಾಯದ ಆಜ್ಞೆ. ಆದರೂ ರಾಮ ತಮ್ಮನನ್ನು ಎದುರು ನಿಲ್ಲಿಸಿಕೊಂಡು ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ಲಕ್ಷ್ಮಣ ಕಾಡಿನಲ್ಲಿ ಅತ್ತಿಗೆಯ ಎದುರು ನಿಂತು ಅದನ್ನು ನುಡಿಯಲೇಬೇಕು. ಆ ನುಡಿಯುವ ಸಂಕಟದಿಂದಲೇ ಅನ್ಯಾಯ ನಮಗೆ ಅನ್ಯಾಯವಾಗಿ ಕಾಣುವುದು. ಇಲ್ಲಿ ಕೊಲಂಬಿಯಾದ ಕಾಡಿನ ಹುಡುಗರಿಗೆ ಯಾರೂ ಏನೂ ಹೇಳುವುದಿಲ್ಲ. ಅವರು ರೇಡಿಯೋ ಹಿಡಿದು ಕರೆಯುತ್ತಾರೆ, ಉತ್ತರವಿಲ್ಲ. ಅತ್ತ ಗ್ರೀರ್‌ನ ಅಂತ್ಯಕ್ರಿಯೆ ನಡೆಯುತ್ತಿದೆ, ಇತ್ತ ಅವರ ಮೇಲೆ ಗುಂಡಿನ ಮಳೆ. ನಾಯ್ಸ್ ಎರಡನ್ನೂ ಹೆಣೆದು ತೋರಿಸಿದ್ದಾನೆ, ಹೆಣಿಗೆ ಚೆನ್ನಾಗಿದೆ. ಆದರೆ ಉತ್ತರ ಬಾರದ ಆ ರೇಡಿಯೋ ಮುಂದೆ ಕ್ಯಾಮೆರಾ ಇನ್ನೊಂದು ನಿಮಿಷ ಕೂರಬೇಕಿತ್ತು. ಅಧ್ಯಕ್ಷನ ಕಚೇರಿಯ ಮೌನ ಹತ್ತು ಕೈ ದಾಟಿ ಬಂದು ತಲುಪಿದ್ದು ಅಲ್ಲಿಗೇ.

ನಾಯ್ಸ್‌ಗೆ ಇದು ಆಮೇಲೆ ಹೊಳೆದಿರಬೇಕು ಎಂಬುದಕ್ಕೆ ನನಗೆ ಸಾಕ್ಷಿ 2002ರ ಅವನ ‘ದ ಕ್ವಯಟ್ ಅಮೆರಿಕನ್’. ಅಲ್ಲಿನ ಪೈಲ್ ಕೂಡ ಒಳ್ಳೆಯ ಹುಡುಗ, ರಯನ್‌ನಷ್ಟೇ ನಿಷ್ಕಪಟಿ. ಸೈಗಾನಿನ ಚೌಕದಲ್ಲಿ ಬಾಂಬು ಸಿಡಿಯಲು ಕಾರಣ ಅವನ ಒಳ್ಳೆಯತನವೇ. ಚಿತ್ರಕ್ಕೆ ಮೂಲವಾದ ಗ್ರಹಾಂ ಗ್ರೀನ್‌ನ ಕಾದಂಬರಿಯಲ್ಲಿ ಅವನು ತನ್ನ ಬೂಟಿನ ಮೇಲಿನ ರಕ್ತ ನೋಡಿಕೊಳ್ಳುತ್ತಾನೆ, ಅದನ್ನು ಶುಚಿಮಾಡಿಸಬೇಕು ಎಂದುಕೊಳ್ಳುತ್ತಾನೆ. ರಯನ್‌ನ ಬೂಟನ್ನು ಮಾತ್ರ ನಮಗೆ ಯಾರೂ ತೋರಿಸಲಿಲ್ಲ. ಕೊನೆಯಲ್ಲಿ ಅವನು ಸೆನೆಟ್ ಸಮಿತಿಯ ಮುಂದೆ ಕೈಯೆತ್ತಿ ಪ್ರಮಾಣ ಮಾಡುತ್ತಾನೆ, ಚಿತ್ರ ಅಲ್ಲಿಗೆ ಮುಗಿಯುತ್ತದೆ. ಸಮಿತಿ ಮೊದಲು ಕೇಳಬೇಕಾದ ಪ್ರಶ್ನೆ, ಅಧ್ಯಕ್ಷರು ನಿಖರವಾಗಿ ಏನೆಂದರು ಎಂಬುದು. ಆ ಪ್ರಶ್ನೆಗೆ ರಯನ್ ಬಳಿ ಉತ್ತರವಿಲ್ಲ, ಏಕೆಂದರೆ ಅಧ್ಯಕ್ಷರು ಏನೂ ಅಂದಿರಲಿಲ್ಲ.