ಪರದೆಯ ಕತ್ತಲು, ಮೈಕಿನ ಮೌನ

ಆಷಾಢದ ಮಳೆ ಹಿಡಿದು ಗುಡವಿಯ ಕೆರೆ ತುಂಬಿ, ನೀರೊಳಗೇ ನಿಂತ ಮರಗಳ ಮೇಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಹೂಡುವ ಕಾಲದಲ್ಲಿ, ಇಲ್ಲಿಗೆ ಮೊದಲ ಬಾರಿ ಬಂದವನಿಗೆ ಕಾಣುವುದು ಹಸುರಿನ ಮೇಲೆ ಚೆಲ್ಲಿದ ಬಿಳಿಯ ಚುಕ್ಕೆಗಳು, ಕೇಳುವುದು ಬರಿಯ ಗದ್ದಲ. ಆತನು ಮತ್ತೆ ಅರ್ಧ ಗಂಟೆ ತಾಳ್ಮೆಯಿಂದ ಕುಳಿತನಾದರೆ, ಚುಕ್ಕೆಗಳ ನಡುವೆ ತಲೆ ಕೊರಳು ಕಪ್ಪಾದದ್ದು ಕೆಂಬರಲೆಂದೂ, ಮೈಯೆಲ್ಲ ಬೆಳ್ಳಗಿರುವುದು ಬೆಳ್ಳಕ್ಕಿಯೆಂದೂ ಕಣ್ಣಿಗೆ ತಾನಾಗಿಯೇ ಬೇರ್ಪಡುತ್ತದೆ. ಗದ್ದಲದೊಳಗಿಂದ ಮರಿಗಳ ಹಸಿವಿನ ಕೂಗು ಒಂದು ಕಡೆ, ರೆಕ್ಕೆ ಬಡಿತ ಇನ್ನೊಂದು ಕಡೆ ಎಂದು ಕಿವಿ ದಿಕ್ಕು ಹಿಡಿಯುತ್ತದೆ. ಸೊರಬದಿಂದ 16 ಕಿಲೋಮೀಟರು ದೂರದ, ಮುಕ್ಕಾಲು ಚದರ ಕಿಲೋಮೀಟರಿನಷ್ಟೇ ವಿಸ್ತಾರವುಳ್ಳ, 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ಕೆರೆಯ ದಂಡೆಯಲ್ಲಿ ನಾನು ಕಲಿತದ್ದು ಇಷ್ಟೇ: ಕಾಣುವುದಕ್ಕೂ ಕೇಳುವುದಕ್ಕೂ ಸಾಧನಕ್ಕಿಂತ ಮೊದಲು ಸಂಸ್ಕಾರ ಬೇಕು. ಕಂಪ್ಯೂಟರ್ ಗೇಮುಗಳ ರಸಾಸ್ವಾದಕ್ಕೆ ಹೊಸದಾಗಿ ಕಾಲಿಡುವವರು, ಯಾವ ಮಾನಿಟರ್ ಕೊಳ್ಳಲಿ, ಯಾವ ಮೈಕು ಕೊಳ್ಳಲಿ ಎಂದು ನನ್ನನ್ನು ಕೇಳಿದಾಗಲೆಲ್ಲ ನಾನು ಕೆರೆಯಿಂದಲೇ ಮಾತು ತೊಡಗುವುದು ಈ ಕಾರಣದಿಂದ.

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿದರು. ನೋಡುವವನ ಕೈಯೂ ಸೇರಿದಾಗಲೇ ಮುಂದುವರಿಯುವ, ಕಂಪ್ಯೂಟರ್ ಗೇಮೆಂಬ ಈ ಹೊಸ ಪ್ರಕಾರವು ಅವರ ಕಣ್ಣಮುಂದೆ ಇರಲಿಲ್ಲ. ಇದ್ದಿದ್ದರೆ ಇದಕ್ಕೊಂದು ಮೂರನೆಯ ಹೆಸರನ್ನು ಅವರು ಅವಶ್ಯವಾಗಿ ಕೊಡುತ್ತಿದ್ದರೆಂದು ನನ್ನ ನಂಬಿಕೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಯು ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಟೆನಿಸ್ ಆಟವನ್ನು ಹೂಡಿ ತೋರಿಸಿದಾಗ ಅಲ್ಲಿದ್ದದ್ದು ಕತ್ತಲೆ, ಅದರೊಳಗೆ ನೆಲ ಬಲೆಗಳ ಎರಡು ಗೆರೆ, ಚಲಿಸುವ ಒಂದು ಬೆಳಕಿನ ಬಿಂದು, ಅಷ್ಟೆ. 1962ರ ‘ಸ್ಪೇಸ್‌ವಾರ್’ ಸಹ ದುಂಡು ಪರದೆಯ ಕತ್ತಲೆಯಲ್ಲಿ ಹುಟ್ಟಿದ ಆಟ. 1997ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ನಮ್ಮವರು ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರ ಬರೆಯುವಷ್ಟಕ್ಕೆ ಬೆಳೆದು, 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಕಂಪೆನಿ ಕೊಂಡುಕೊಳ್ಳುವ ವೇಳೆಗೆ, ಪರದೆಯ ಮೇಲೆ ಲಕ್ಷ ಬಣ್ಣಗಳು ಬಂದಿದ್ದವು. ಆದರೂ ಹುಟ್ಟಿದ ಮನೆಯ ಕತ್ತಲೆಯನ್ನು ಈ ಕಲೆ ಮರೆತಿಲ್ಲ. ಪರದೆಯನ್ನು ಪರೀಕ್ಷಿಸುವವನು ಅದರ ಬೆಳಕನ್ನಲ್ಲ, ಕತ್ತಲೆಯನ್ನು ಮೊದಲು ನೋಡಬೇಕೆಂದು ನಾನು ಹೇಳುವುದು ಅದಕ್ಕಾಗಿಯೇ.

ಬಳ್ಳಿಗಾವಿಯ ಕೇದಾರೇಶ್ವರನ ಗುಡಿಗೆ ನಡುಮಧ್ಯಾಹ್ನದ ಬಿಸಿಲಿನಿಂದ ಒಳಹೊಕ್ಕವರಿಗೆ ಈ ಅನುಭವವುಂಟು. ಮೊದಲು ಏನೂ ಕಾಣದು. ನಿಂತಲ್ಲೇ ನಿಂತರೆ ಕಂಬದ ಅಂಚು ಮೂಡುತ್ತದೆ, ಅನಂತರ ಕಂಬದ ದುಂಡು, ಆಮೇಲೆ ಅದರ ನುಣುಪಿನ ಮೇಲೆ ಬಾಗಿಲಿನ ಬೆಳಕಿನ ಒಂದು ಗೆರೆ. ಕಪ್ಪಿನೊಳಗೇ ಹತ್ತು ಬಗೆಯ ಕಪ್ಪುಗಳಿವೆಯೆಂದು ಕಣ್ಣು ತಿಳಿಯುವುದು ಆಗ. ಡೆನ್ಮಾರ್ಕಿನ ಪ್ಲೇಡೆಡ್ ಎಂಬ ತಂಡವು 2010ರಲ್ಲಿ ಹೊರತಂದ ‘ಲಿಂಬೊ’ ಎಂಬ ಆಟ ಪೂರ್ತಿಯಾಗಿ ಈ ತತ್ತ್ವದ ಮೇಲೆ ನಿಂತಿದೆ. ಅಲ್ಲಿ ಬಣ್ಣವಿಲ್ಲ, ಕಾಡೊಂದರ ಕರಿನೆರಳಿನಲ್ಲಿ ಮಲಗಿದ ಹುಡುಗನು ಕಣ್ಣು ಬಿಡುವಾಗ ಎರಡು ಬಿಳಿಯ ಬಿಂದುಗಳು ಹೊಳೆಯುವುದೇ ಕಥೆಯ ನಾಂದಿ. ಕಳೆದ ಮಳೆಗಾಲದ ಒಂದು ರಾತ್ರಿ ನನ್ನ ತಂಗಿಯ ಮಗನು ತನ್ನ ಹಳೆಯ ಮಾನಿಟರಿನ ಮೇಲೆ ಇದನ್ನು ಹಚ್ಚಿ, “ಮಾವ, ಏನೂ ಕಾಣ್ತಾ ಇಲ್ಲ, ಬೆಳಕು ಏರಿಸ್ಲಾ?” ಎಂದು ಕೇಳಿದ. ಬೇಡವೆಂದೆ. ಅವನ ಬೆನ್ನ ಹಿಂದೆ ಉರಿಯುತ್ತಿದ್ದ ಟ್ಯೂಬ್‌ಲೈಟನ್ನು ಆರಿಸಿ, ಪರದೆಯ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ ಸಣ್ಣದೊಂದು ಬಲ್ಬನ್ನು ಇರಿಸಿದೆ. ಎರಡು ನಿಮಿಷದ ಮೇಲೆ ಹುಡುಗ ತಾನೇ, “ಅಲ್ಲಿ ಮರದ ಹಿಂದೆ ಇನ್ನೊಂದು ಮರ ಇದೆ” ಎಂದ. ಖರ್ಚಾದದ್ದು ಒಂದು ಬಲ್ಬು.

ಹಾಗೆಂದು ಪರದೆಗಳೆಲ್ಲ ಒಂದೇ ಎಂದಲ್ಲ. ಐಪಿಎಸ್ ಜಾತಿಯ ಪರದೆಯಲ್ಲಿ ಬಣ್ಣ ಸತ್ಯವಾಗಿ ಬರುತ್ತದೆ, ಓರೆಯಿಂದ ನೋಡಿದರೂ ಕೆಡದು. ಆದರೆ ಅದರ ಬಿಳುಪು ಕಪ್ಪಿಗಿಂತ ಸಾಮಾನ್ಯವಾಗಿ 1000 ಪಟ್ಟಿನಷ್ಟೇ ಹೆಚ್ಚು ಬೆಳಗುವುದರಿಂದ, ಕತ್ತಲ ಕೋಣೆಯಲ್ಲಿ ಅದರ ಕಪ್ಪು ಬೂದಿ ಬಳಿದಂತೆ ತೋರುತ್ತದೆ. ವಿಎ ಜಾತಿಯದರಲ್ಲಿ ಈ ಅಂತರ 3000 ಪಟ್ಟಿನ ಆಸುಪಾಸಿಗೆ ಏರುತ್ತದೆ, ಕಪ್ಪು ಗಾಢವಾಗುತ್ತದೆ. ಆದರೆ ಅಗ್ಗದ ವಿಎ ಪರದೆಗಳಲ್ಲಿ ಕತ್ತಲಿನಿಂದ ಕತ್ತಲಿಗೆ ಓಡುವ ಆಕೃತಿಯು ಒದ್ದೆ ಶಾಯಿಯ ಮೇಲೆ ಬೆರಳೆಳೆದಂತೆ ಹಿಂದೆ ಬಾಲ ಬಿಡುತ್ತದೆ. ಓಎಲ್‌ಇಡಿಯಲ್ಲಿ ಪ್ರತಿಯೊಂದು ಬಿಂದುವೂ ಸ್ವಯಂಪ್ರಕಾಶಿಯಾದುದರಿಂದ ಕಪ್ಪೆಂದರೆ ಆರಿದ ದೀಪವೇ ಸರಿ, ಅದರ ಮುಂದೆ ಇತರ ಪರದೆಗಳು ತಲೆತಗ್ಗಿಸಬೇಕು. ಆದರೆ ಒಂದೇ ಚಿತ್ರವು ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಅದರ ಕಲೆ ಶಾಶ್ವತವಾಗಿ ಉಳಿಯುವ ಭಯವುಂಟು, ಬೆಲೆಯೂ ಕೈಗೆಟಕುವಂಥದಲ್ಲ. ಹಗಲಿನಲ್ಲಿ ಲೆಕ್ಕಪತ್ರ, ರಾತ್ರಿ ಆಟ ಎಂದು ಒಂದೇ ಪರದೆಯನ್ನು ದುಡಿಸುವ ಮನೆಗೆ ಐಪಿಎಸ್ ಒಳ್ಳೆಯದು. ಪೆಟ್ಟಿಗೆಯ ಮೇಲೆ, ಬೆಳಕು ಕತ್ತಲೆಗಳ ಹರವು ಹೆಚ್ಚೆಂದು ಸಾರುವ ಎಚ್‌ಡಿಆರ್ 400 ಎಂದು ಅಚ್ಚಾಗಿರುವುದನ್ನು ಕಂಡು ಹೆಚ್ಚು ಹಣ ತೆರಬೇಡಿರಿ; ಬೆಳಕನ್ನು ಭಾಗಭಾಗವಾಗಿ ತಗ್ಗಿಸುವ ವ್ಯವಸ್ಥೆ ಇಲ್ಲದ ಪರದೆಗೆ ಆ ಮುದ್ರೆಯಿಂದ ಬರುವ ಲಾಭ ಅತ್ಯಲ್ಪ.

ಅಳತೆಯ ವಿಚಾರ ಬೇಗ ಮುಗಿಯುತ್ತದೆ. 24 ಇಂಚಿಗೆ 1920ಕ್ಕೆ 1080, 27 ಇಂಚಿಗೆ 2560ಕ್ಕೆ 1440 ಬಿಂದುಗಳು ಹದವಾಗಿ ಒಪ್ಪುತ್ತವೆ. ನಾಲ್ಕು ಕೆ ಎಂದು ಜನ ಕರೆಯುವ ಪರದೆಯು ಮೊದಲಿನದಕ್ಕಿಂತ ಸರಿಯಾಗಿ ನಾಲ್ಕು ಪಟ್ಟು ಬಿಂದುಗಳನ್ನು ಬೇಡುವುದರಿಂದ, ಗ್ರಾಫಿಕ್ಸ್ ಕಾರ್ಡಿನ ಬೆನ್ನು ಗಟ್ಟಿಯಿಲ್ಲದೆ ಅದನ್ನು ಕೊಳ್ಳುವುದು ಬಡ ಎತ್ತಿಗೆ ತೇರಿನ ಹಗ್ಗ ಕಟ್ಟಿದಂತೆ.

ವೇಗದ ವಿಚಾರದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. 60 ಹರ್ಟ್ಸಿನ ಪರದೆ ಸೆಕೆಂಡಿಗೆ 60 ಸಲ ಚಿತ್ರವನ್ನು ಬದಲಿಸುತ್ತದೆ, ಎಂದರೆ ಒಂದೊಂದು ಚಿತ್ರವೂ 16.7 ಮಿಲಿಸೆಕೆಂಡು ನಿಲ್ಲುತ್ತದೆ. 144 ಹರ್ಟ್ಸಿನಲ್ಲಿ ಇದು ಸುಮಾರು 7ಕ್ಕೆ ಇಳಿಯುತ್ತದೆ, 240ರಲ್ಲಿ ಸುಮಾರು 4ಕ್ಕೆ. ಮೊದಲ ಮೆಟ್ಟಿಲು ಹತ್ತಿದರೆ ಹತ್ತು ಮಿಲಿಸೆಕೆಂಡಿನ ಲಾಭ, ಎರಡನೆಯ ಮೆಟ್ಟಿಲಿಗೆ ಮೂರೂ ಇಲ್ಲ. ಆದುದರಿಂದ 60ರಿಂದ 144ಕ್ಕೆ ಹೋದವನು ಆನಂದಪಡುವಷ್ಟು 144ರಿಂದ 240ಕ್ಕೆ ಹೋದವನು ಪಡಲಾರ. ಹಕ್ಕಿಗಳ ವಿಚಾರ ಬೇರೆ. ಸ್ವೀಡನ್ನಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಕೆಲವು ಪುಟ್ಟ ಹಕ್ಕಿಗಳ ಕಣ್ಣು ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಮಿನುಗುವ ದೀಪವನ್ನು ಮಿನುಗಾಗಿಯೇ ಕಾಣಬಲ್ಲುದು. ನಮಗೆ ಅದು ಎಡೆಬಿಡದ ಬೆಳಕು. ಗುಡವಿಯ ನೀರಿನ ಮೇಲೆ ಬಾಗಿ ನುಸಿ ಹಿಡಿಯುವ ಪುಟ್ಟ ಹಕ್ಕಿಯ ತಿರುವನ್ನು ಕಂಡಾಗಲೆಲ್ಲ, ನಮಗೆ ಗೆರೆಯಾಗಿ ಕಾಣುವ ಆ ನುಸಿ ಅದಕ್ಕೆ ಎಷ್ಟು ಸ್ಪಷ್ಟವಾಗಿ ತೋರುತ್ತಿರಬೇಕೆಂದು ನನಗೆ ಬೆರಗಾಗುತ್ತದೆ. ಒಂದು ಸಂಗತಿಯನ್ನು ಮಾತ್ರ ಮರೆಯಬಾರದು: 144ರ ಪರದೆ ತಂದು ಜೋಡಿಸಿದರೂ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಆ ಸಂಖ್ಯೆಯನ್ನು ಆರಿಸದಿದ್ದರೆ ಅದು 60ರಲ್ಲೇ ಓಡುತ್ತಿರಬಹುದು, ಹೀಗೆ ತಿಂಗಳುಗಟ್ಟಲೆ ಆಡಿದವರನ್ನು ನಾನು ಬಲ್ಲೆ.

ಇನ್ನು ಕಿವಿ. ಕೆರೆಯ ದಂಡೆಯಲ್ಲಿ ಕಣ್ಣು ಮುಚ್ಚಿ ಕುಳಿತರೂ ಹಕ್ಕಿ ಎಡಕ್ಕೆ ಹಾರಿತೋ ಬಲಕ್ಕೋ ಎಂದು ತಿಳಿಯುವುದು, ಒಂದು ಕಿವಿಗಿಂತ ಇನ್ನೊಂದಕ್ಕೆ ಸದ್ದು ಮಿಲಿಸೆಕೆಂಡಿನ ಒಂದಂಶದಷ್ಟು ತಡವಾಗಿ, ತುಸು ಕ್ಷೀಣವಾಗಿ ಮುಟ್ಟುವುದರಿಂದ. ಈ ಸೂಕ್ಷ್ಮವನ್ನು ಒಂದು ಸಾಧಾರಣವಾದ ಎರಡು ಕಿವಿಯ ಹೆಡ್‌ಫೋನ್ ಧಾರಾಳವಾಗಿ ತಲಪಿಸಬಲ್ಲುದು. 2017ರಲ್ಲಿ ಬಂದ ‘ಹೆಲ್‌ಬ್ಲೇಡ್’ ಎಂಬ ಆಟದಲ್ಲಿ ನಾಯಕಿಯ ಮನಸ್ಸಿನೊಳಗಿನ ಧ್ವನಿಗಳನ್ನು ಎರಡು ಕಿವಿಗಳ ಅನುಭವವನ್ನೇ ಅನುಸರಿಸುವ ವಿಧಾನದಿಂದ ಮುದ್ರಿಸಿರುವುದರಿಂದ, ಪಿಸುಮಾತು ನಮ್ಮ ಕತ್ತಿನ ಹಿಂದೆಯೇ ಸರಿದಾಡಿದಂತೆ ಮೈ ನವಿರೇಳುತ್ತದೆ. ಸ್ಪೀಕರಿನಲ್ಲಿ ಕೇಳಿದರೆ ಅದೆಲ್ಲವೂ ಎದುರಿನ ಗೋಡೆಗೆ ಅಂಟಿದ ಮಾತಾಗುತ್ತದೆ. ಆಟವೇ ಇಂಥ ದಿಕ್ಕಿನ ವ್ಯವಸ್ಥೆ ಮಾಡಿರುವಾಗ ಸುತ್ತಲಿಂದ ಸದ್ದು ಬಂದಂತೆ ತೋರಿಸುವ ಹೆಡ್‌ಸೆಟ್ಟಿನ ಕೃತಕ ‘ಸೆವೆನ್ ಪಾಯಿಂಟ್ ಒನ್’ ಗುಂಡಿಯನ್ನೂ ಒತ್ತುವುದು ಬೆಂದ ಅನ್ನವನ್ನು ಮತ್ತೆ ಬೇಯಿಸಿದಂತೆ, ದಿಕ್ಕು ಕಲಸಿಹೋಗುತ್ತದೆ.

ಈ ಕಲೆಯ ರಸಿಕನು ನೋಡಿ ಕೇಳಿ ಸುಮ್ಮನಾಗುವುದಿಲ್ಲ. ಆಡುತ್ತಲೇ ತನ್ನ ಮಾತು ಸೇರಿಸಿ ಮುದ್ರಿಸಿ ಇತರರಿಗೆ ತೋರಿಸುತ್ತಾನೆ. ಇದನ್ನು ಹೊರಗಿನಿಂದ ಬಂದ ಹುಚ್ಚೆಂದು ಹಿರಿಯರು ಗೊಣಗುವುದನ್ನು ಕೇಳಿದ್ದೇನೆ. ನನಗೆ ಹಾಗೆ ತೋರುವುದಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ ಮುಗಿದ ಕೂಡಲೇ ಆಶುವಾಗಿ ಅರ್ಥ ಹೇಳಿ ರಾತ್ರಿಗಳನ್ನು ಬೆಳಗಿಸುವ ತಾಳಮದ್ದಳೆ ನಮ್ಮ ಮಲೆನಾಡಿನ ಸೊತ್ತಲ್ಲವೆ? ಪದ ನಡೆಯುತ್ತಿರುವಾಗ ಬಾಯಿ ಹಾಕದಿರುವುದು ಅರ್ಥಧಾರಿಯ ಮೊದಲ ಮರ್ಯಾದೆ. ಆಟದ ಪಾತ್ರ ಮಾತನಾಡುತ್ತಿರುವಾಗ ಆಟಗಾರನೂ ಅದನ್ನೇ ಪಾಲಿಸಬೇಕು. ಮುದ್ರಣಕ್ಕೆ ಮನೆಯ ಕೋಣೆ ಸಾಲದೆಂದು ಕೊರಗುವವರು, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ತೊಡಗಿದ್ದನ್ನು ನೆನೆಯಲಿ.

ನಾನು ಮೊದಲು ಕೊಂಡದ್ದು ಕಂಡೆನ್ಸರ್ ಮೈಕು. ಅದರ ಕಿವಿ ಬಹಳ ಚುರುಕು, ಅದೇ ಅದರ ದೋಷ. ಹೆಂಚಿನ ಮೇಲಿನ ಮಳೆ, ಅಡುಗೆಮನೆಯ ಫ್ರಿಜ್ಜು, ಯುಪಿಎಸ್ಸಿನ ಗುಂಯ್‌ಗುಟ್ಟುವಿಕೆ, ಎಲ್ಲವನ್ನೂ ನನ್ನ ಮಾತಿನಷ್ಟೇ ಶ್ರದ್ಧೆಯಿಂದ ಅದು ಬರೆದುಕೊಂಡಿತು. ಮೇಲಾಗಿ ಶ್ರಾವಣದ ತೇವ ಹೀರಿ ಚಿಟಪಟವೆನ್ನತೊಡಗಿತು. ತೇವದ ನಾಡಿನಲ್ಲಿ ಅಂಥದನ್ನು ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ಡಬ್ಬಿಯಲ್ಲಿ ಮುಚ್ಚಿಡಬೇಕು. ಮಲೆನಾಡಿನ ಮನೆಗೆ ಡೈನಮಿಕ್ ಮೈಕೇ ವಾಸಿ. ಅದು ಹತ್ತಿರದ್ದನ್ನೇ ಹೆಚ್ಚಾಗಿ ಕೇಳುತ್ತದೆ, ಬಾಯಿಯಿಂದ ಅರ್ಧ ಗೇಣು ದೂರದಲ್ಲಿ ಇಟ್ಟರೆ ಸಾಕು. ದೂರ ಇಮ್ಮಡಿಯಾದರೆ ನಿಮ್ಮ ದನಿ 6 ಡೆಸಿಬಲ್ ಕುಗ್ಗುತ್ತದೆ, ಮಳೆ ಮಾತ್ರ ಅಷ್ಟೇ ಇರುತ್ತದೆ. ಕಾರ್ಡಿಯಾಯ್ಡ್ ಎಂಬ ಬಗೆಯ ಮೈಕು ಬೆನ್ನ ಕಡೆ ಕಿವುಡಾದುದರಿಂದ ಕೀಬೋರ್ಡು ಅದರ ಬೆನ್ನಿಗೆ ಬೀಳುವಂತಿರಲಿ. ಸುತ್ತ ಗೋಡೆಗೆ ಎರಡು ಕಂಬಳಿ ತೂಗುಬಿಟ್ಟರೆ ಪ್ರತಿಧ್ವನಿ ಅಡಗುತ್ತದೆ. ಮಾತು ಮುದ್ರಿಸುವಾಗ ಹಾಕುವ ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವಂಥದೇ ಆಗಿರಬೇಕು, ಇಲ್ಲವಾದರೆ ಆಟದ ಸದ್ದು ಸೋರಿ ಮೈಕಿಗೆ ಹೊಗುತ್ತದೆ. ಒಬಿಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಆಟದ ದನಿಯನ್ನೂ ನಿಮ್ಮ ದನಿಯನ್ನೂ ಬೇರೆಬೇರೆ ಟ್ರ್ಯಾಕಿನಲ್ಲಿ, 48,000 ಹರ್ಟ್ಸಿನ ದರದಲ್ಲಿ, ಏರುದನಿಯೂ ಋಣ 12 ಡೆಸಿಬಲ್ ದಾಟದ ಹಾಗೆ ಇರಿಸಿಕೊಂಡರೆ, ತಪ್ಪಿದ್ದನ್ನು ಅನಂತರ ತಿದ್ದಬಹುದು.

ಪರಭಾಷೆಯ ಕೈಪಿಡಿಗಳು ಹೇಳದ ಎರಡು ಮಾತುಗಳು ಕನ್ನಡಿಗನಿಗೆ ಅವಶ್ಯ. ಅರ್ಥಧಾರಿಯ ಗತ್ತಿನಲ್ಲಿ ‘ಭೀಷ್ಮ’, ‘ಫಲ’, ‘ಭಯಂಕರ’ ಎಂದು ನುಡಿಯುವಾಗ ತುಟಿಯಿಂದ ಹೊರಡುವ ಮಹಾಪ್ರಾಣದ ಗಾಳಿ ಮೈಕಿನ ಮೇಲೆ ಗುದ್ದಿದಂತೆ ಬೀಳುತ್ತದೆ. ಅದಕ್ಕಾಗಿ ಮಹಾಪ್ರಾಣವನ್ನು ಬಿಟ್ಟುಕೊಡಬೇಕಾಗಿಲ್ಲ. ಮೈಕನ್ನು ಬಾಯಿಯ ನೇರದಿಂದ ತುಸು ಓರೆಗೆ, ತುಟಿಯಂಚಿನ ಕಡೆಗೆ ಸರಿಸಿದರೆ ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಮಾತ್ರ ಒಳಬರುತ್ತದೆ. ಎರಡನೆಯದು ಇದಕ್ಕಿಂತ ಸೂಕ್ಷ್ಮ. ಗದ್ದಲವನ್ನು ತಡೆಯುವ ನಾಯ್ಸ್ ಗೇಟನ್ನು ಬಿಗಿಯಾಗಿ ಇಟ್ಟರೆ, ದನಿ ಇಳಿಯುವಲ್ಲಿ ಅದು ಬಾಗಿಲು ಹಾಕಿಬಿಡುತ್ತದೆ. ನಮ್ಮ ಪದಗಳೋ ಬಹುಪಾಲು ಸ್ವರಾಂತ್ಯವಾದವು, ಆ ಸ್ವರವು ಉಸಿರಿನ ಕೊನೆಯಲ್ಲಿ ಮೆಲ್ಲಗೆ ಆರುವಂಥದು. ‘ಬಂದನು’ ಎಂದದ್ದು ‘ಬಂದನ್’ ಆಗುತ್ತದೆ, ‘ನೋಡು’ ‘ನೋಡ್’ ಆಗುತ್ತದೆ, ಕನ್ನಡದ ಕಾಲು ಮುರಿಯುತ್ತದೆ. ಗೇಟಿನ ಮುಚ್ಚುವ ವೇಳೆಯನ್ನು ಸಡಿಲಿಸಿ, ಹಿಂದೆ ಸ್ವಲ್ಪ ಮಳೆಯ ಸದ್ದು ಉಳಿದರೂ ಉಳಿಯಲಿ.

ಮಾತು ತೊಡಗುವ ಮೊದಲು ಒಂದು ನಿಮಿಷದ ಮೌನವನ್ನು ಮುದ್ರಿಸಿ ಕೇಳುವ ಅಭ್ಯಾಸವನ್ನು ತಂಗಿಯ ಮಗನಿಗೆ ಹಿಡಿಸಿದ್ದೇನೆ. ನಿಮ್ಮ ಕೋಣೆಯಲ್ಲಿ ಏನೇನು ಸದ್ದು ಮಾಡುತ್ತಿದೆಯೆಂದು ಅದಕ್ಕಿಂತ ಚೆನ್ನಾಗಿ ಹೇಳುವ ಉಪಾಯವಿಲ್ಲ. ಮೊನ್ನೆಯ ಮುದ್ರಣದಲ್ಲಿ ಫ್ರಿಜ್ಜಿನ ಗುನುಗು ಕೇಳಿತು, ಸೂರಿನ ತೊಟ್ಟು ಕೇಳಿತು, ಮುಗಿಯಲು ಹತ್ತು ಸೆಕೆಂಡು ಇರುವಾಗ ಕೆರೆಯ ಕಡೆಯಿಂದ ಇರುಳು ಬಕವೊಂದು ಒಂದೇ ಸಲ ಕೂಗಿತು. ಸದ್ದಳಿಸುವ ಫಿಲ್ಟರನ್ನು ಹಚ್ಚಿ ಮತ್ತೆ ಕೇಳಿದೆವು; ಗುನುಗು ಹೋಯಿತು, ತೊಟ್ಟು ಹೋಯಿತು, ಬಕವೂ ಹೋಯಿತು. ಹುಡುಗ ಫಿಲ್ಟರನ್ನು ತೆಗೆದುಹಾಕಿ, ಎದ್ದುಹೋಗಿ ಫ್ರಿಜ್ಜಿನ ಸ್ವಿಚ್ಚು ಆರಿಸಿ ಬಂದು ಕುಳಿತ.