ಗಾಳಿಯನ್ನು ಅಳೆದು ಹೊತ್ತನ್ನು ಮರೆತ ಮಾಪಕ

ಸಫೀರ್–ಸಿಂಪ್ಸನ್ ಮಾಪಕ ಅಟ್ಲಾಂಟಿಕ್ ಹಾಗೂ ಪೂರ್ವ ಪೆಸಿಫಿಕ್ ಸಾಗರದ ಚಂಡಮಾರುತಗಳನ್ನು ಒಂದರಿಂದ ಐದರವರೆಗಿನ ದರ್ಜೆಗಳಲ್ಲಿ ಕೂರಿಸುತ್ತದೆ. ನೆಲದಿಂದ 10 ಮೀಟರ್ ಎತ್ತರದಲ್ಲಿ, ಒಂದು ನಿಮಿಷದ ಸರಾಸರಿಯಲ್ಲಿ, ಗಾಳಿಯ ಗರಿಷ್ಠ ವೇಗ ಗಂಟೆಗೆ 119 ಕಿ.ಮೀ. ಮುಟ್ಟಿದರೆ ಮೊದಲ ದರ್ಜೆ, 252 ಕಿ.ಮೀ. ಮುಟ್ಟಿದರೆ ಐದನೆಯದು. ಮಾಪಕ ಅಳೆಯುವುದು ಇಷ್ಟನ್ನೇ. ಮಳೆ, ಕಡಲುಬ್ಬರ, ಚಂಡಮಾರುತದ ಹರಹು, ಅದು ಮುಂದೆ ಸಾಗುವ ವೇಗ ಯಾವುದೂ ಲೆಕ್ಕಕ್ಕಿಲ್ಲ. ಆದರೂ ಟಿ.ವಿ. ಪರದೆಯ ಅಡಿಬರಹದಿಂದ ಹಿಡಿದು ಮಂತ್ರಿಗಳ ಹೇಳಿಕೆಯವರೆಗೆ ಎಲ್ಲರ ಬಾಯಲ್ಲೂ ಇರುವುದು ಈ ಒಂದು ಅಂಕಿ. ಐವತ್ತು ವರ್ಷಗಳಿಂದ ಅದಕ್ಕೆ ಸಂದ ಮನ್ನಣೆ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. 2019ರ ಸೆಪ್ಟೆಂಬರ್ ಮೊದಲ ವಾರ ಬಹಾಮಾಸ್‌ನ ಅಬಾಕೊ ಮತ್ತು ಗ್ರ್ಯಾಂಡ್ ಬಹಾಮಾ ದ್ವೀಪಗಳ ಮೇಲೆ ಡೋರಿಯನ್ ಚಂಡಮಾರುತ ಬೀಡುಬಿಟ್ಟಾಗ ಈ ಮನ್ನಣೆಯ ಟೊಳ್ಳು ಬಯಲಾಯಿತು.

ಮಾಪಕದ ಹುಟ್ಟು ಕುತೂಹಲಕರ. ಫ್ಲಾರಿಡಾದ ಎಂಜಿನಿಯರ್ ಹರ್ಬರ್ಟ್ ಸಫೀರ್ 1969ರಲ್ಲಿ ವಿಶ್ವಸಂಸ್ಥೆಗಾಗಿ, ಚಂಡಮಾರುತಪೀಡಿತ ಪ್ರದೇಶಗಳ ಅಗ್ಗದ ಮನೆಗಳ ಬಗ್ಗೆ ಅಧ್ಯಯನ ನಡೆಸಿದ್ದರು. ಯಾವ ಗಾಳಿಗೆ ಯಾವ ಗೋಡೆ ಬೀಳುತ್ತದೆ ಎಂಬ ಅವರ ಲೆಕ್ಕಕ್ಕೆ, ಆಗ ಅಮೆರಿಕದ ರಾಷ್ಟ್ರೀಯ ಚಂಡಮಾರುತ ಕೇಂದ್ರದ ನಿರ್ದೇಶಕರಾಗಿದ್ದ ರಾಬರ್ಟ್ ಸಿಂಪ್ಸನ್ ಕಡಲುಬ್ಬರ ಮತ್ತು ವಾಯುಭಾರದ ಅಂಕಿಗಳನ್ನು ಜೋಡಿಸಿದರು. ಜನಬಳಕೆಗೆ ಬಂದದ್ದು 1970ರ ದಶಕದ ಆರಂಭದಲ್ಲಿ. 2008ರಲ್ಲಿ ಐಕ್ ಚಂಡಮಾರುತ ಬರೀ ಎರಡನೇ ದರ್ಜೆಯಲ್ಲಿ ಟೆಕ್ಸಸ್‌ಗೆ ಬಂದು ಸುಮಾರು 20 ಅಡಿ ನೀರು ನುಗ್ಗಿಸಿತು. 2004ರಲ್ಲಿ ನಾಲ್ಕನೇ ದರ್ಜೆಯ ಚಾರ್ಲಿ ತಂದದ್ದು ಏಳಡಿ ಮಾತ್ರ. ದರ್ಜೆಗೂ ನೀರಿಗೂ ತಾಳೆಯಾಗುತ್ತಿಲ್ಲವೆಂದು 2010ರಲ್ಲಿ ಕಡಲುಬ್ಬರ, ವಾಯುಭಾರ ಎರಡನ್ನೂ ತೆಗೆದು ಇದನ್ನು ಶುದ್ಧ ಗಾಳಿಮಾಪಕವೆಂದು ಘೋಷಿಸಲಾಯಿತು. ವೈಜ್ಞಾನಿಕವಾಗಿ ಇದು ಪ್ರಾಮಾಣಿಕ ತಿದ್ದುಪಡಿ. ಆದರೆ ತೆಗೆದುಹಾಕಿದ್ದರ ಜಾಗಕ್ಕೆ ಅಷ್ಟೇ ಸುಲಭವಾಗಿ ನಾಲಿಗೆಗೆ ಹತ್ತುವ ಇನ್ನೊಂದು ಅಂಕಿ ಬರಲಿಲ್ಲ. ಮಾಪಕದ ಒಡಲು ಕುಗ್ಗಿತು, ಹೆಸರು ಕುಗ್ಗಲಿಲ್ಲ.

ಡೋರಿಯನ್ 2019ರ ಸೆಪ್ಟೆಂಬರ್ 1ರ ಮಧ್ಯಾಹ್ನ ಅಬಾಕೊದ ಎಲ್ಬೋ ಕೇ ಎಂಬ ಪುಟ್ಟ ದ್ವೀಪಕ್ಕೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ 295 ಕಿ.ಮೀ. ಅಟ್ಲಾಂಟಿಕ್‌ನಲ್ಲಿ ನೆಲ ಮುಟ್ಟಿದ ಚಂಡಮಾರುತಗಳ ಪೈಕಿ ಇಷ್ಟು ವೇಗ ಅದಕ್ಕೂ ಮೊದಲು ದಾಖಲಾಗಿದ್ದು 1935ರ ಲೇಬರ್ ಡೇ ಚಂಡಮಾರುತದಲ್ಲಿ ಮಾತ್ರ. ಅಲ್ಲಿಂದ ಮಾರ್ಷ್ ಹಾರ್ಬರ್ ಪಟ್ಟಣವನ್ನು ಹಾದು ರಾತ್ರಿ ಹೊತ್ತಿಗೆ ಅದು ಗ್ರ್ಯಾಂಡ್ ಬಹಾಮಾದ ಪೂರ್ವ ತುದಿ ತಲುಪಿತು, ತಲುಪಿ ನಿಂತಿತು. ಚಂಡಮಾರುತಕ್ಕೆ ಸ್ವಂತ ನಡಿಗೆ ಬಹಳ ಕಡಿಮೆ. ಸುತ್ತಲ ವಾಯುಪ್ರವಾಹವೇ ಅದನ್ನು ಒಯ್ಯುವುದು. ಉತ್ತರದಲ್ಲಿದ್ದು ಡೋರಿಯನ್ನನ್ನು ಪಶ್ಚಿಮಕ್ಕೆ ತಳ್ಳುತ್ತಿದ್ದ ಅಧಿಕ ಒತ್ತಡದ ವಲಯ, ಅಮೆರಿಕದ ಕಡೆಯಿಂದ ಬಂದ ಕಡಿಮೆ ಒತ್ತಡದ ಪಟ್ಟಿಯಿಂದಾಗಿ ಸಡಿಲಗೊಂಡಿತು. ಹೊಸದಾಗಿ ಎಳೆದೊಯ್ಯುವ ಪ್ರವಾಹ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಒಂದಿಡೀ ಹಗಲು ರಾತ್ರಿ ಅದು ಸಾಗಿದ ದೂರ ಸುಮಾರು 40 ಕಿ.ಮೀ.

ಚಂಡಮಾರುತ ಕೇಂದ್ರದ ಸೆಪ್ಟೆಂಬರ್ 2 ಮತ್ತು 3ರ ಪ್ರಕಟಣೆಗಳನ್ನು ಒಂದರ ಕೆಳಗೊಂದು ಇಟ್ಟು ಓದಿದರೆ ಮಾಪಕದ ನಿಜವಾದ ದೋಷ ಕಾಣುತ್ತದೆ. ಎರಡನೇ ತಾರೀಖಿನ ಬೆಳಿಗ್ಗೆ 11 ಗಂಟೆಗೆ ಗಾಳಿ 250 ಕಿ.ಮೀ.ಗೆ ಇಳಿಯಿತು, ದರ್ಜೆ ಐದರಿಂದ ನಾಲ್ಕಾಯಿತು. ಮೂರರ ನಸುಕಿಗೆ ಮೂರನೇ ದರ್ಜೆ. ಅದೇ ದಿನ ಬೆಳಿಗ್ಗೆ 11ಕ್ಕೆ ಗಾಳಿ 175 ಕಿ.ಮೀ., ದರ್ಜೆ ಎರಡು. ಇಷ್ಟನ್ನೇ ನೋಡಿದವರಿಗೆ ಇದು ಸಾಯುತ್ತಿರುವ ಚಂಡಮಾರುತದ ಕಥೆ. ದ್ವೀಪದಲ್ಲಿ ನಡೆಯುತ್ತಿದ್ದದ್ದು ಇದರ ತದ್ವಿರುದ್ಧ. ಉತ್ತರ ದಿಕ್ಕಿನ ಗಾಳಿ ಲಿಟ್ಲ್ ಬಹಾಮಾ ಬ್ಯಾಂಕ್ ಎಂಬ ಆಳವಿಲ್ಲದ ಕಡಲನ್ನು ಗಂಟೆಗಟ್ಟಲೆ ದ್ವೀಪದೊಳಗೆ ತಳ್ಳುತ್ತಲೇ ಇತ್ತು. ಮಾಮೂಲಿ ಚಂಡಮಾರುತದಲ್ಲಿ ಏರಿದ ನೀರು ಕೆಲವೇ ಗಂಟೆಗಳಲ್ಲಿ ಹಿಂದೆ ಸರಿಯಬೇಕು. ಇಲ್ಲಿ ಸರಿಯಲು ಗಾಳಿಯೇ ಬಿಡಲಿಲ್ಲ. ಫ್ರೀಪೋರ್ಟ್‌ನ ವಿಮಾನ ನಿಲ್ದಾಣ ಕಡಲಾಯಿತು, ರ‍್ಯಾಂಡ್ ಸ್ಮಾರಕ ಆಸ್ಪತ್ರೆಗೆ ನೀರು ನುಗ್ಗಿತು. ಜನ ಮೇಜಿನ ಮೇಲೆ, ಆಮೇಲೆ ಅಟ್ಟದ ಮೇಲೆ, ಕೊನೆಗೆ ಮಾಡು ಒಡೆದುಕೊಂಡು ಹೊರಗೆ ಹತ್ತಿದರು. ಸೆಪ್ಟೆಂಬರ್ 3ರಂದು ನೀರಿನಲ್ಲಿ ಸಿಕ್ಕಿಕೊಂಡವರನ್ನು ತಂದವರಲ್ಲಿ ಸ್ವಂತ ದೋಣಿ, ಜೆಟ್ ಸ್ಕೀ ಇಟ್ಟುಕೊಂಡಿದ್ದ ನೆರೆಹೊರೆಯವರೇ ಬಹಳ. ಅವರು ನೀರಿಗಿಳಿದದ್ದು ಎರಡನೇ ದರ್ಜೆಯ ಚಂಡಮಾರುತದಲ್ಲಿ. ಅಂಕಿ ಇಳಿಯುತ್ತಿತ್ತು, ನೀರು ಏರಿಯೇ ಇತ್ತು.

ಅಂಕಿ ಇಳಿದದ್ದಕ್ಕೂ ದ್ವೀಪ ನಲುಗಿದ್ದಕ್ಕೂ ಕಾರಣ ಒಂದೇ ಎಂಬುದು ಇನ್ನೂ ವಿಚಿತ್ರ. ಒಂದೇ ಕಡೆ ನಿಂತ ಚಂಡಮಾರುತ ತನ್ನ ಕೆಳಗಿನ ಕಡಲನ್ನು ಕಲಕಿ ಆಳದ ತಣ್ಣೀರನ್ನು ಮೇಲಕ್ಕೆತ್ತುತ್ತದೆ, ಬಿಸಿನೀರಿನ ಮೇವು ಕಡಿಮೆಯಾಗಿ ಗಾಳಿ ಕುಗ್ಗುತ್ತದೆ. ನಿಂತದ್ದರಿಂದಲೇ ದರ್ಜೆ ಇಳಿಯಿತು. ನಿಂತದ್ದರಿಂದಲೇ ಊರುಗಳು ಮುಳುಗಿದವು. ಚಂಡಮಾರುತದ ಮುಖ್ಯ ಅಪಾಯ ಹೆಚ್ಚಾದಾಗ ಕಡಿಮೆ ತೋರಿಸುವ ಮಾಪಕವನ್ನು ಅಪೂರ್ಣ ಎಂದರೆ ಸಾಲದು; ಇಂಥ ಸಂದರ್ಭದಲ್ಲಿ ಅದು ದಾರಿ ತಪ್ಪಿಸುತ್ತದೆ. ಜ್ವರ ಎಷ್ಟು ಡಿಗ್ರಿ ಎಂದು ಬರೆದು, ಎಷ್ಟು ದಿನದಿಂದ ಎಂದು ಕೇಳದ ವೈದ್ಯನ ಚೀಟಿಯ ಹಾಗೆ ಅದು.

ಹೊತ್ತಿನ ಲೆಕ್ಕ ಕಷ್ಟದ್ದೇನಲ್ಲ. ಚಂಡಮಾರುತಬಲದ ಗಾಳಿ ಕೇಂದ್ರದಿಂದ ಎಲ್ಲ ಕಡೆಗೂ 75 ಕಿ.ಮೀ. ಹರಡಿದೆ ಎನ್ನಿ. ಗಂಟೆಗೆ 20 ಕಿ.ಮೀ. ಸಾಗಿದರೆ ಅದು ಒಂದು ಊರನ್ನು ಏಳೂವರೆ ಗಂಟೆಯಲ್ಲಿ ದಾಟುತ್ತದೆ. ಗಂಟೆಗೆ 2 ಕಿ.ಮೀ. ಆದರೆ, ಬಲ ಹಾಗೇ ಉಳಿದಲ್ಲಿ, ಮೂರು ದಿನ. ಮಾಪಕದ ಕಣ್ಣಿಗೆ ಎರಡೂ ಒಂದೇ. ಆದರೆ ಹೆಂಚು, ಮೊಳೆ, ತೊಲೆಗಳಿಗೆ ಎರಡೂ ಒಂದಲ್ಲ. ಒಂದು ಬೀಸಿಗೆ ತಡೆದುಕೊಂಡ ಮಾಡಿನ ತಗಡು ಸಾವಿರ ಬೀಸುಗಳಲ್ಲಿ ಮೊಳೆಯ ಸುತ್ತ ಸಡಿಲವಾಗುತ್ತದೆ. ತಗಡು ಎದ್ದಮೇಲೆ ಮಳೆ ಗೋಡೆಯೊಳಗೆ ಇಳಿಯುತ್ತದೆ. ನಿಂತ ಉಪ್ಪುನೀರು ಇನ್ನೂ ಕೆಳಕ್ಕೆ ಹೋಗುತ್ತದೆ: ಗ್ರ್ಯಾಂಡ್ ಬಹಾಮಾದಲ್ಲಿ ಸುಣ್ಣಕಲ್ಲಿನ ಪದರದಲ್ಲಿ ತೇಲುವ ತೆಳುವಾದ ಸಿಹಿನೀರಿನ ಸಂಗ್ರಹವೇ ಕುಡಿಯುವ ನೀರಿನ ಮೂಲ, ಅದಕ್ಕೆ ಕಡಲು ಬೆರೆತು, ಗಾಳಿ ಹೋದ ಎಷ್ಟೋ ತಿಂಗಳ ನಂತರವೂ ನಲ್ಲಿಯಲ್ಲಿ ಉಪ್ಪುನೀರು ಬಂತು. ಪೈನ್ ಕಾಡುಗಳು ಬುಡದಲ್ಲಿ ಉಪ್ಪು ಕುಡಿದು ನಿಂತಲ್ಲೇ ಒಣಗಿದವು. ಗಂಟೆಗೆ ಎಷ್ಟು ಕಿ.ಮೀ. ಎಂಬ ಪ್ರಶ್ನೆಗೆ ಇವುಗಳಲ್ಲಿ ಬಹುಪಾಲು ಉತ್ತರವೇ ಅಲ್ಲ.

ಮಾಪಕದ ಜನಕರಿಗೆ ಹೊತ್ತಿನ ಪರಿವೆ ಇರಲಿಲ್ಲ ಎನ್ನಲಾಗದು. ಐದರ ಮೇಲೆ ಆರನೇ ದರ್ಜೆ ಏಕಿಲ್ಲ ಎಂಬ ಪ್ರಶ್ನೆಗೆ ಸಿಂಪ್ಸನ್ ಸಂದರ್ಶನವೊಂದರಲ್ಲಿ ಕೊಟ್ಟ ಉತ್ತರದ ತಿರುಳು ಇದು: ಅಂಥ ಗಾಳಿ ಕಟ್ಟಡದ ಮೇಲೆ ಆರು ಸೆಕೆಂಡು ನಿಂತರೂ ಸಾಕು, ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಅದು ಬಿರಿಯುತ್ತದೆ, ಹಾಗಾಗಿ ಇನ್ನೊಂದು ದರ್ಜೆ ವ್ಯರ್ಥ. ಐದನೇ ದರ್ಜೆಯನ್ನು ಸಮರ್ಥಿಸಲು ಹೊರಟ ಮಾತಿನೊಳಗೇ ಸೆಕೆಂಡುಗಳು ನುಸುಳಿವೆ. ಆರು ಸೆಕೆಂಡಿಗೆ ಬೆಲೆ ಇದೆ ಎಂದಮೇಲೆ ಇಪ್ಪತ್ತನಾಲ್ಕು ಗಂಟೆಗೆ ಇರಲೇಬೇಕಲ್ಲ. ಆ ತರ್ಕವನ್ನು ಕೆಳಗಿನ ದರ್ಜೆಗಳಿಗೆ ಎಳೆದಿದ್ದರೆ, ಒಂದು ದಿನ ನಿಂತ ಎರಡನೇ ದರ್ಜೆ ಒಂದು ಗಂಟೆಯಲ್ಲಿ ಹಾದುಹೋಗುವ ನಾಲ್ಕನೆಯದಕ್ಕಿಂತ ಮೇಲೋ ಕೆಳಗೋ ಎಂಬ ಪ್ರಶ್ನೆ ಏಳುತ್ತಿತ್ತು. ಅದನ್ನು ಯಾರೂ ಎಳೆಯಲಿಲ್ಲ.

ಮಾಪಕದ ಪರವಾಗಿ ಹೇಳಬೇಕಾದದ್ದು ಒಂದಿದೆ: ಎಲ್ಲರಿಗೂ ಅರ್ಥವಾಗುತ್ತದೆ. ಐದು ಎಂದೊಡನೆ ಜನ ಮನೆ ಬಿಡುತ್ತಾರೆ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಸರಳತೆ ಒಂದು ಎಂದೊಡನೆ ಜನರನ್ನು ಮನೆಯಲ್ಲೇ ಕೂರಿಸುತ್ತದೆ. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಹೊಂಡುರಾಸ್‌ನ ಗ್ವಾನಾಹಾ ದ್ವೀಪದ ಬಳಿ ಸುಮಾರು ಎರಡು ದಿನ ತಂಗಿ ಅಲ್ಲಿನ ಮ್ಯಾಂಗ್ರೋವ್ ಕಾಡನ್ನು ಬಹುತೇಕ ಕೊಂದುಹಾಕಿತು. ಮುಖ್ಯಭೂಮಿ ಸೇರುವಾಗ ಅದರ ದರ್ಜೆ ಐದರಿಂದ ಒಂದಕ್ಕೆ ಇಳಿದಿತ್ತು. ಆ ಒಂದನೇ ದರ್ಜೆಯ ಮಳೆಗೆ ಮಧ್ಯ ಅಮೆರಿಕದಲ್ಲಿ ಸತ್ತವರು 11,000ಕ್ಕೂ ಹೆಚ್ಚು. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣವೂ ಇದೇ ಕುಲದ್ದು. ಅಲ್ಲಿ ಮೂರು ನಿಮಿಷದ ಸರಾಸರಿ. 1999ರ ಒಡಿಶಾ ಸೂಪರ್ ಸೈಕ್ಲೋನ್ ದಡ ಸೇರಿದ ಮೇಲೂ ಕರಾವಳಿ ಬಿಡದೆ ಮಳೆ ಸುರಿಸಿದ್ದನ್ನು ಆ ಹೆಸರು ಹೇಳುವುದಿಲ್ಲ.

ಮಾಪಕ ಸಾಲದು ಎಂದವರು ಹಲವರು. ಅವರಲ್ಲಿ ಹೆಚ್ಚು ಸದ್ದು ಮಾಡಿದವರು ಹಿಡಿದದ್ದು ತಪ್ಪು ದಾರಿ. ವಿಜ್ಞಾನಿಗಳಾದ ಮೈಕೆಲ್ ವೆನರ್ ಮತ್ತು ಜೇಮ್ಸ್ ಕೋಸಿನ್ 2024ರಲ್ಲಿ, ಗಂಟೆಗೆ 309 ಕಿ.ಮೀ. ಮೀರಿದ ಗಾಳಿಗೆ ಆರನೇ ದರ್ಜೆ ಇದ್ದರೆ ಹೇಗೆ ಎಂದು ಕೇಳಿದರು. 2013ರ ಹೈಯಾನ್‌ನಿಂದ ಹಿಡಿದು ಐದು ಚಂಡಮಾರುತ ಆ ಗೆರೆ ದಾಟಿವೆ, ಐದೂ ಪೆಸಿಫಿಕ್‌ನವು. ಬಿಸಿಯೇರುತ್ತಿರುವ ಕಡಲಿನ ಬಗ್ಗೆ ಎಚ್ಚರಿಸುವುದು ಅವರ ಉದ್ದೇಶ, ಅದು ನ್ಯಾಯವೇ. ಪತ್ರಿಕೆಗಳು ಅದನ್ನು ಹಬ್ಬ ಮಾಡಿಕೊಂಡವು. ಆದರೆ ಡೋರಿಯನ್‌ನ 295 ಕಿ.ಮೀ. ಆ ಹೊಸ ಗೆರೆಯ ಕೆಳಗೇ ಉಳಿಯುತ್ತದೆ! ಬಹಾಮಾಸ್‌ನ ಇತಿಹಾಸದಲ್ಲೇ ಘೋರವಾದ ಚಂಡಮಾರುತ ಹೊಸ ಏಣಿಯಲ್ಲೂ ಹಳೆಯ ಮೆಟ್ಟಿಲಲ್ಲೇ ನಿಲ್ಲುವುದಾದರೆ ಏಣಿ ಉದ್ದ ಮಾಡಿ ದಕ್ಕಿದ್ದೇನು? ಮಿಚ್‌ನಂಥ ಒಂದನೇ ದರ್ಜೆಯವು ಇದರಿಂದ ಇನ್ನೂ ಸಣ್ಣದಾಗಿ ಕಾಣುತ್ತವೆ.

ಬೇಸರದ ಸಂಗತಿಯೆಂದರೆ ಸರಿಯಾದ ಎಳೆ ಹಿಡಿದವರೂ ಇದೇ ಕೋಸಿನ್. 1949ರಿಂದ 2016ರ ನಡುವೆ ಜಗತ್ತಿನ ಚಂಡಮಾರುತಗಳ ನಡಿಗೆ ಶೇ 10ರಷ್ಟು ನಿಧಾನವಾಗಿದೆ ಎಂದು 2018ರಲ್ಲಿ ಅವರು ಬರೆದರು. ಉಪಗ್ರಹಗಳು ಬರುವ ಮೊದಲಿನ ದಾಖಲೆಗಳನ್ನು ಎಷ್ಟು ನಂಬಬಹುದು ಎಂಬ ತಕರಾರು ಕೂಡಲೇ ಎದ್ದಿತು, ಅದರಲ್ಲಿ ಹುರುಳೂ ಇದೆ. ಆದರೆ ವಾದ ಪೂರ್ತಿ ಆ ಶೇಕಡಾವಾರಿನ ಸುತ್ತಲೇ ತಿರುಗಿತು. ನಡಿಗೆ ಒಟ್ಟಾರೆ ನಿಧಾನವಾಗುತ್ತಿದೆಯೋ ಇಲ್ಲವೋ, ನಿಧಾನವಾದ ಒಂದು ಚಂಡಮಾರುತವನ್ನು ಜನರಿಗೆ ಹೇಗೆ ಹೇಳಬೇಕು ಎಂಬ ಪ್ರಶ್ನೆ ಅದರಿಂದ ಬೇರೆಯಾದದ್ದು. ಎರಡೂ ಕಡೆಯವರು ಅದನ್ನು ಮೂಲೆಗೆ ಸರಿಸಿದರು. ಅದಕ್ಕೂ ಮೊದಲು, 2007ರಲ್ಲಿ, ಮಾರ್ಕ್ ಪವೆಲ್ ಮತ್ತು ತಿಮೋತಿ ರೈನ್‌ಹೋಲ್ಡ್ ಗಾಳಿಯ ಇಡೀ ಹರಹಿನ ಚಲನಶಕ್ತಿಯನ್ನು ಕೂಡಿ ಲೆಕ್ಕ ಹಾಕುವ ವಿಧಾನ ಮುಂದಿಟ್ಟಿದ್ದರು. ಐಕ್‌ನಂಥ ಅಗಲವಾದ ಚಂಡಮಾರುತಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ, ಆದರೆ ಅದೂ ಒಂದು ಕ್ಷಣದ ಚಿತ್ರವೇ.

ಇವೆಲ್ಲಕ್ಕಿಂತ ದ್ವೀಪಗಳಿಗೆ ಹತ್ತಿರವಾದ ಕೆಲಸಕ್ಕೆ ಸಿಕ್ಕಿದ್ದು ಅತಿ ಕಡಿಮೆ ಗಮನ. ಗುವಾಮ್ ವಿಶ್ವವಿದ್ಯಾಲಯದ ಚಾರ್ಲ್ಸ್ ಗಾರ್ಡ್ ಮತ್ತು ಮಾರ್ಕ್ ಲ್ಯಾಂಡರ್ 1999ರಲ್ಲಿ ಇದೇ ಮಾಪಕವನ್ನು ಪೆಸಿಫಿಕ್ ದ್ವೀಪಗಳಿಗೆಂದು ತಿದ್ದಿ ಬರೆದರು. ಗೆದ್ದಲು ತಿಂದ ಮರದ ಮನೆ, ಬಾಳೆ ಮತ್ತು ದೀವಿಹಲಸಿನ ತೋಟ, ಅಲೆಯನ್ನು ತಡೆಯುವ ಹವಳದ ದಿಬ್ಬ ಎಲ್ಲವೂ ಅದರಲ್ಲಿ ಬರುತ್ತವೆ. ಹೊತ್ತಿಗೆ ಅದೂ ಪ್ರತ್ಯೇಕ ಅಂಕಣ ಕೊಡಲಿಲ್ಲ. ಆದರೂ ಅಪಾಯ ಅಡಗಿರುವುದು ಗಾಳಿ ಮತ್ತು ಅದು ಬಡಿಯುವ ವಸ್ತುವಿನ ನಡುವಿನ ಸಂಬಂಧದಲ್ಲಿ ಎಂಬ ಸಫೀರ್ ಅವರ ಮೂಲ ವಿಚಾರವನ್ನು ಉಳಿಸಿಕೊಂಡದ್ದು ಅದೊಂದೇ.

ಆ ವಿಚಾರ ಕಳೆದುಹೋದ ಜಾಗ ಮಾರ್ಷ್ ಹಾರ್ಬರ್‌ನ ‘ದಿ ಮಡ್’ ಮತ್ತು ‘ಪಿಜನ್ ಪೀಸ್’. ಹೈಟಿಯಿಂದ ಬಂದ ಕೂಲಿಕಾರರು ಪ್ಲೈವುಡ್ಡಿನಲ್ಲಿ ಕಟ್ಟಿಕೊಂಡಿದ್ದ, ತಗ್ಗಿನಲ್ಲಿ ಒತ್ತೊತ್ತಾಗಿದ್ದ ವಸತಿಗಳಿವು. ಡೋರಿಯನ್ ನಂತರ ಅಲ್ಲಿ ಉಳಿದದ್ದು ಹಲಗೆಯ ರಾಶಿ. ಆಮೇಲೆ ಸರ್ಕಾರ ಅಲ್ಲಿ ಮತ್ತೆ ಕಟ್ಟುವುದನ್ನೇ ನಿಷೇಧಿಸಿತು. ದರ್ಜೆಗಳ ಜೊತೆ ಇಂದು ಪ್ರಕಟವಾಗುವ ಹಾನಿಯ ವಿವರಣೆ ಅಮೆರಿಕದ ಚೌಕಟ್ಟಿನ ಮನೆಗಳನ್ನು, ಮೊಬೈಲ್ ಮನೆಗಳನ್ನು ಕಣ್ಣಮುಂದೆ ಇಟ್ಟುಕೊಂಡದ್ದು. ಅಗ್ಗದ ಮನೆಗಳ ಅಧ್ಯಯನದಿಂದ ಹುಟ್ಟಿದ ಮಾಪಕದಲ್ಲಿ ಅತಿ ಅಗ್ಗದ ಮನೆಗೆ ಒಂದು ಸಾಲೂ ಇಲ್ಲ. ಬಹಾಮಾಸ್‌ನ ಅಧಿಕೃತ ಸಾವಿನ ಲೆಕ್ಕ 74. ಕಾಣೆಯಾದವರ ಪಟ್ಟಿ 200 ದಾಟಿತ್ತು. ದಾಖಲೆಪತ್ರವಿಲ್ಲದೆ ಬದುಕುತ್ತಿದ್ದವರಲ್ಲಿ ಎಷ್ಟು ಜನ ಎರಡೂ ಪಟ್ಟಿಯಿಂದ ಹೊರಗುಳಿದರು ಎಂಬ ವಿವಾದ ಇನ್ನೂ ಮುಗಿದಿಲ್ಲ. ಅಂತರ ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ ಅಂದಾಜಿಸಿದ ನಷ್ಟ 340 ಕೋಟಿ ಡಾಲರ್, ದೇಶದ ವಾರ್ಷಿಕ ಉತ್ಪನ್ನದ ಸುಮಾರು ಕಾಲುಭಾಗ.

ಅಂಕಿಗೆ ಜೋತುಬೀಳದೆ ಕಲಿತ ಉದಾಹರಣೆಯೂ ಕೆರಿಬಿಯನ್‌ನಲ್ಲೇ ಇದೆ. 1963ರ ಅಕ್ಟೋಬರ್‌ನಲ್ಲಿ ಫ್ಲೋರಾ ಪೂರ್ವ ಕ್ಯೂಬಾದ ಮೇಲೆ ಸುತ್ತು ಹಾಕುತ್ತ ನಾಲ್ಕೈದು ದಿನ ಉಳಿಯಿತು. ಕ್ಯೂಬಾ ಒಂದರಲ್ಲೇ ಸುಮಾರು 1,750 ಜನ ಸತ್ತರು, ಬಹುಪಾಲು ನೆರೆಯಲ್ಲಿ. ಆಗ ಮಾಪಕವೇ ಇರಲಿಲ್ಲ. ಕ್ಯೂಬಾ ಅದರಿಂದ ತೆಗೆದುಕೊಂಡ ಪಾಠ ಗಾಳಿಯದ್ದಲ್ಲ, ನೀರಿನದು ಮತ್ತು ದಿನಗಳದ್ದು: ನದಿಗಳಿಗೆ ಅಣೆಕಟ್ಟುಗಳ ಸಾಲು, ಬೀದಿ ಬೀದಿಯ ಮಟ್ಟದಲ್ಲಿ ಜನರನ್ನು ಸ್ಥಳಾಂತರಿಸುವ ನಾಗರಿಕ ರಕ್ಷಣಾ ವ್ಯವಸ್ಥೆ.

ಅಮೆರಿಕದ ಚಂಡಮಾರುತ ಕೇಂದ್ರವೂ ಕೈಕಟ್ಟಿ ಕೂತಿಲ್ಲ. 2017ರಿಂದ ತನ್ನ ದೇಶದ ಕರಾವಳಿಗೆ ಕಡಲುಬ್ಬರದ ಪ್ರತ್ಯೇಕ ಎಚ್ಚರಿಕೆ ಕೊಡುತ್ತಿದೆ. ಬಿರುಗಾಳಿ ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬ ನಕ್ಷೆಯನ್ನೂ ಪ್ರಕಟಿಸುತ್ತದೆ. ಆ ನಕ್ಷೆ ಹೇಳುವುದು ಬರುವ ಹೊತ್ತನ್ನು, ಬಿಟ್ಟುಹೋಗುವ ಹೊತ್ತನ್ನಲ್ಲ. ಸಾಗುವ ವೇಗ ಪ್ರತಿ ಪ್ರಕಟಣೆಯಲ್ಲೂ ಇರುತ್ತದೆ. ಗಾಳಿಯ ಹರಹು ಎಲ್ಲೆಲ್ಲಿಗೆ ಎಂಬ ಮುನ್ಸೂಚನೆಯೂ ಆರು ಗಂಟೆಗೊಮ್ಮೆ ಹೊರಬೀಳುತ್ತದೆ. ಹರಹನ್ನು ಸಾಗುವ ವೇಗದಿಂದ ಭಾಗಿಸಿ, ಈ ಊರಿನ ಮೇಲೆ ಇಂತಿಷ್ಟು ಗಂಟೆ ಎಂದು ದರ್ಜೆಯ ಪಕ್ಕದಲ್ಲೇ ಬರೆಯಲು ಹೊಸ ವಿಜ್ಞಾನ ಬೇಕಿಲ್ಲ. ನಿಂತ ಚಂಡಮಾರುತ ಎಂದು ಹೊರಡುತ್ತದೆಂದು ಹೇಳುವುದು ಕಷ್ಟ, ಡೋರಿಯನ್ ಯಾವಾಗ ತಿರುಗಿ ಹೊರಡುತ್ತದೆಂಬ ವಿಷಯದಲ್ಲಿ ಮುನ್ಸೂಚಕರು ಪಟ್ಟ ಪಾಡು ಅದಕ್ಕೆ ಸಾಕ್ಷಿ. ಆದರೆ 20ರಿಂದ 40 ಗಂಟೆ ಎಂಬ ಸಡಿಲ ಅಂದಾಜು ಕೂಡ, ಅಟ್ಟ ಹತ್ತುವುದೋ ಮೊದಲೇ ದ್ವೀಪ ಬಿಡುವುದೋ ಎಂದು ತೀರ್ಮಾನಿಸುವವರಿಗೆ, ‘ನಾಲ್ಕಕ್ಕೆ ಇಳಿದಿದೆ’ ಎಂಬ ಸುದ್ದಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.