ಸನ್ಮಾನ ಪತ್ರದಲ್ಲಿ ಬಿಟ್ಟುಹೋದ ಸಾಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಕೂಡಲೇ ನಮ್ಮ ಊರುಗಳಲ್ಲಿ ಸನ್ಮಾನದ ಸುಗ್ಗಿ ಶುರುವಾಗುತ್ತದೆ. ಬಸ್ ನಿಲ್ದಾಣದ ಎದುರು, ಶಾಲೆಯ ಗೇಟಿನ ಮೇಲೆ, ಟ್ಯೂಷನ್ ನಡೆಸುವ ಮನೆಯ ಮಹಡಿಗೆ ಫ್ಲೆಕ್ಸುಗಳು ಏರುತ್ತವೆ. 'ನಮ್ಮೂರ ಹೆಮ್ಮೆ' ಎಂಬ ದಪ್ಪಕ್ಷರದ ಕೆಳಗೆ ಮಕ್ಕಳ ಮುಖಗಳು ಅಂಚೆಚೀಟಿಯಷ್ಟಿರುತ್ತವೆ. ಶುಭ ಕೋರುವವರ ಮುಖಗಳು ಅದರ ನಾಲ್ಕು ಪಟ್ಟು. ಆಮೇಲೆ ಶಾದಿಮಹಲಿನಲ್ಲೋ ಶಾಲೆಯ ಅಂಗಳದಲ್ಲೋ 'ಪ್ರತಿಭಾ ಪುರಸ್ಕಾರ'. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಸ್ಮರಣಿಕೆ. ಸೆಪ್ಟೆಂಬರ್ 5ರ ಶಿಕ್ಷಕರ ದಿನದವರೆಗೂ ಈ ಸುಗ್ಗಿ ಮುಗಿಯುವುದಿಲ್ಲ.

ಇದನ್ನು ಗೇಲಿ ಮಾಡುವುದು ಸುಲಭ. ನಮಗೆ ಆ ಉದ್ದೇಶವಿಲ್ಲ. ಬೀಡಿ ಕಟ್ಟುವ ಮನೆಯ ಹುಡುಗಿಯೊಬ್ಬಳು ವೇದಿಕೆ ಹತ್ತುವಾಗ ಸಭೆಯ ಕೊನೆಯಲ್ಲಿ ಕೂತ ಅವಳ ತಾಯಿ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡವರು ಸನ್ಮಾನವೇ ಬೇಡ ಎನ್ನಲಾರರು. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ, 6ರಿಂದ 14 ವರ್ಷದೊಳಗಿನ ಮುಸ್ಲಿಂ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಯ ಮುಖವನ್ನೇ ನೋಡಿಲ್ಲ ಅಥವಾ ನಡುವೆಯೇ ಶಾಲೆ ಬಿಟ್ಟಿದ್ದಾರೆ ಎಂದು ಹೇಳಿತ್ತು. ಆ ಮಾತನ್ನು ಕೇಳಿಸಿಕೊಂಡ ಸಮಾಜ ತನ್ನ ಮಕ್ಕಳು ಹತ್ತನೇ ತರಗತಿ ದಾಟಿದಾಗ ಸಂತೋಷಪಡುವುದರಲ್ಲಿ ತಪ್ಪೇನಿದೆ? ಪಡಲೇಬೇಕು.

ನಮ್ಮ ಪ್ರಶ್ನೆ ಬೇರೆ. ಆ ಸಂತೋಷಕ್ಕೆ ನಾವು ಎಂಥ ಭಾಷೆ ಕೊಡುತ್ತಿದ್ದೇವೆ? ಕಥೆಯನ್ನೋ ಕವಿತೆಯನ್ನೋ ವಿಮರ್ಶೆಗೆ ಒಡ್ಡುವ ನಾವು, ಊರೂರಲ್ಲಿ ಪ್ರತಿವರ್ಷ ಹುಟ್ಟುವ ಸನ್ಮಾನ ಪತ್ರವನ್ನು ಮಾತ್ರ ಯಾರೂ ಓದದ ಕಾಗದವೆಂದು ಬಿಟ್ಟುಬಿಡುತ್ತೇವೆ. ಈ ಸಲ ಅಂಥದೊಂದನ್ನು ಓದಿ ನೋಡೋಣ.

ನಮ್ಮ ಮುಂದಿರುವುದು 2024ರ ಆಗಸ್ಟಿನಲ್ಲಿ ಬಯಲುಸೀಮೆಯ ತಾಲ್ಲೂಕು ಕೇಂದ್ರವೊಂದರಲ್ಲಿ, ಸರ್ಕಾರಿ ಪ್ರೌಢಶಾಲೆಯಿಂದ ನಿವೃತ್ತರಾದ ಮುಖ್ಯ ಶಿಕ್ಷಕರೊಬ್ಬರಿಗೆ ಕೊಟ್ಟ ಪತ್ರ. ಬಂಗಾರದ ಬಣ್ಣದ ಕಟ್ಟು, ಒಳಗೆ ಇಪ್ಪತ್ತೆರಡು ಸಾಲು. ಅದರ ಪ್ರಕಾರ ಅವರು ಸರಳ ಸಜ್ಜನರು, ಹಸನ್ಮುಖಿ, ನಿಗರ್ವಿ, ಅಜಾತಶತ್ರು, ಶಿಸ್ತಿನ ಸಿಪಾಯಿ, ವಿದ್ಯಾರ್ಥಿಗಳ ಕಣ್ಮಣಿ, ಕಾಯಕವೇ ಕೈಲಾಸವೆಂದು ನಂಬಿದವರು, ಶಾಲೆಯನ್ನು ಜ್ಞಾನದೇಗುಲವಾಗಿಸಿದವರು. ಇಪ್ಪತ್ತೆರಡು ಸಾಲಿನಲ್ಲಿ ಒಂದೇ ಒಂದು ಘಟನೆ ಇಲ್ಲ. ಯಾವ ಮಗುವಿನ ಪ್ರಸ್ತಾಪವೂ ಇಲ್ಲ. ಅವರು ಕಲಿಸುತ್ತಿದ್ದ ವಿಷಯ ಯಾವುದೆಂದು ಸಹ ತಿಳಿಯುವುದಿಲ್ಲ. ಹೆಸರು ಅಳಿಸಿ ಇನ್ನೊಂದು ಹೆಸರು ಬರೆದರೆ ಬ್ಯಾಂಕಿನ ಮ್ಯಾನೇಜರಿಗೂ ಆಗುತ್ತದೆ, ಹಾಲಿನ ಡೇರಿಯ ಕಾರ್ಯದರ್ಶಿಗೂ ಆಗುತ್ತದೆ. ಹೊಗಳಿಕೆ ಧಾರಾಳವಾಗಿದೆ, ಮನುಷ್ಯ ಮಾತ್ರ ಕಾಣೆಯಾಗಿದ್ದಾನೆ.

ಇಷ್ಟು ಕಟುವಾಗಿ ಹೇಳುವ ಧೈರ್ಯ ನಮಗೆ ಬಂದಿರುವುದಕ್ಕೆ ಕಾರಣವಿದೆ. ಆ ಸನ್ಮಾನ ಪತ್ರವನ್ನು ಬರೆದವರು ನಾವೇ.

ಕಾರ್ಯಕ್ರಮದ ಹಿಂದಿನ ರಾತ್ರಿ ಸಂಘಟಕರು ಫೋನ್ ಮಾಡಿ, 'ನೀವು ಹೇಗೂ ಅತಿಥಿಗಳಾಗಿ ಬರ್ತಿದ್ದೀರಿ, ಕಥೆ ಬರೆಯೋರು, ನಾಲ್ಕು ಒಳ್ಳೆ ಮಾತು ಬರೆದು ಕಳಿಸಿ' ಎಂದರು. ನಾವು ಒಂದು ಪ್ರಶ್ನೆಯನ್ನೂ ಕೇಳದೆ ಅರ್ಧ ಗಂಟೆಯಲ್ಲಿ ಬರೆದು ಕಳಿಸಿದೆವು. ಮರುದಿನ ಅದನ್ನು ಗಟ್ಟಿಯಾಗಿ ಓದಲಾಯಿತು. ಚಪ್ಪಾಳೆಯೂ ಬಿತ್ತು. ಸಭೆ ಮುಗಿದು ಚಹಾ ಕುಡಿಯುವಾಗ ಆ ಮೇಷ್ಟ್ರು ನಮ್ಮ ಪಕ್ಕಕ್ಕೆ ಬಂದು ಕೂತು, ನಗುತ್ತಲೇ ಹೇಳಿದರು: 'ಸಾಹೇಬ್ರೇ, ಓದೋಕೆ ಬಹಳ ಚೆನ್ನಾಗೈತೆ. ಆದ್ರೆ ಇದು ಯಾರ ಬಗ್ಗೆ?'

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ನಮಗೆ ಹೆಚ್ಚು ನಾಟಿತು. ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ಬರೆಯಬೇಕು.

ಅವರ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು ಇರುತ್ತಿತ್ತಂತೆ. ಒಂದು ವಾರಕ್ಕಿಂತ ಹೆಚ್ಚು ಗೈರುಹಾಜರಾದ ಮಕ್ಕಳ ಹೆಸರು ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಶಾಲೆಯ ಅಟೆಂಡರನನ್ನು ಕರೆದುಕೊಂಡು ಆ ಮನೆಗಳಿಗೆ ಹೋಗುತ್ತಿದ್ದರು. ಹುಡುಗಿಯಾದರೆ ಮದುವೆಯ ಮಾತು, ಹುಡುಗನಾದರೆ ಗ್ಯಾರೇಜು ಅಥವಾ ಬೆಂಗಳೂರಿನ ಬೇಕರಿ. ಕೆಲವು ಮನೆಗಳಲ್ಲಿ ಚಹಾ ಸಿಗುತ್ತಿತ್ತು, ಕೆಲವು ಮನೆಗಳಲ್ಲಿ ಬೈಗುಳ. 2024ರ ಮಾರ್ಚಿನಲ್ಲಿ ಪರೀಕ್ಷೆಯ ಮೊದಲ ದಿನ ಒಬ್ಬ ಹುಡುಗ ಬರಲಿಲ್ಲ. ಅಟೆಂಡರ್ ತನ್ನ ಮೊಪೆಡ್ಡಿನಲ್ಲಿ ಗ್ಯಾರೇಜಿಗೆ ಹೋಗಿ ಅವನನ್ನು ಕೂರಿಸಿಕೊಂಡು ಬಂದ. ಹುಡುಗ ಪರೀಕ್ಷಾ ಕೇಂದ್ರದ ನಲ್ಲಿಯಲ್ಲಿ ಗ್ರೀಸಿನ ಕೈ ತೊಳೆದುಕೊಂಡು ಒಳಗೆ ಹೋದ. ಆ ಸಲ ಗಣಿತದಲ್ಲಿ ಫೇಲಾದ. ಅವನಂಥ ಏಳು ಮಕ್ಕಳನ್ನು ಅತಿಥಿ ಶಿಕ್ಷಕಿಯೊಬ್ಬರು ಮೇ ತಿಂಗಳ ಬಿಸಿಲಿನಲ್ಲಿ ಶಾಲೆಯ ಜಗುಲಿಯ ಮೇಲೆ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ಅತಿಥಿ ಶಿಕ್ಷಕರಿಗೆ ಬೇಸಿಗೆ ರಜೆಯ ಸಂಬಳವಿಲ್ಲ. ಜೂನ್‌ನಲ್ಲಿ ನಡೆದ ಎರಡನೇ ಪರೀಕ್ಷೆಯಲ್ಲಿ ಏಳರಲ್ಲಿ ಐವರು ಪಾಸಾದರು. ಗ್ಯಾರೇಜಿನ ಹುಡುಗನೂ ಅವರಲ್ಲಿ ಒಬ್ಬ.

'ಆ ಹುಡುಗ ಎಲ್ಲಿದ್ದಾನೆ?' ಎಂದು ಕೇಳಿದೆವು. ಮೇಷ್ಟ್ರು ಅಂಗಳದತ್ತ ಕೈ ತೋರಿಸಿದರು. ಅವನು ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದ. ಗಣಿತದ ಟೀಚರ್ ಬಾಗಿಲ ಬಳಿ ನಿಂತು ಮಕ್ಕಳಿಗೆ ತಿಂಡಿಯ ಪೊಟ್ಟಣ ಹಂಚುತ್ತಿದ್ದರು. ಅಟೆಂಡರ್ ಮೈಕಿನ ವೈರು ಸುತ್ತುತ್ತಿದ್ದ. ಸನ್ಮಾನಕ್ಕೆ ಅರ್ಹತೆ ಶೇ. 85 ಅಂಕ ಎಂದು ಸಂಘದವರು ನಿಗದಿ ಮಾಡಿದ್ದರಿಂದ ಹುಡುಗನ ಹೆಸರು ಪಟ್ಟಿಯಲ್ಲಿರಲಿಲ್ಲ. ಉಳಿದ ಇಬ್ಬರಿಗೆ ಪಟ್ಟಿಯೇ ಇರಲಿಲ್ಲ. ಶಾಲೆಯ ಆ ವರ್ಷದ ಅತಿ ದೊಡ್ಡ ಸಾಧನೆ ಸನ್ಮಾನ ಸಮಾರಂಭದಲ್ಲಿ ಕೆಲಸಕ್ಕೆ ನಿಂತಿತ್ತು. ವೇದಿಕೆಯ ಮೇಲಿದ್ದ ನಮಗೆ ಅದು ಕಾಣಲಿಲ್ಲ.

ಉರ್ದುವಿನಲ್ಲಿ ಇಂಥ ಬಿನ್ನವತ್ತಳೆಗೆ 'ಸಿಪಾಸ್‌ನಾಮಾ' ಎನ್ನುತ್ತಾರೆ. ಹುಡುಗರಾಗಿದ್ದಾಗ ಉರ್ದು ಶಾಲೆಯಲ್ಲಿ ನಾವು ಅದನ್ನು ಸುಂದರ ಅಕ್ಷರದಲ್ಲಿ ಬರೆಯುವುದನ್ನೇ ಕಲಿತಿದ್ದೆವು. ಅದರ ಬೇರು ಖಸೀದಾದಲ್ಲಿದೆ, ಅಂದರೆ ದರ್ಬಾರಿನಲ್ಲಿ ಒಡೆಯನನ್ನು ಹೊಗಳುವ ಕಾವ್ಯದಲ್ಲಿ. ಈ ಕಾವ್ಯಪ್ರಕಾರದ ಮೇಲೆ ಉರ್ದುವಿನಲ್ಲಿ ಮೊದಲು ಕಟ್ಟುನಿಟ್ಟಾದ ಪ್ರಶ್ನೆ ಎತ್ತಿದವರು ಅಲ್ತಾಫ್ ಹುಸೇನ್ ಹಾಲಿ. 1893ರಲ್ಲಿ ಬಂದ ಅವರ 'ಮುಖದ್ದಮಾ-ಎ-ಶೇರ್-ಒ-ಶಾಯರಿ' ಉರ್ದು ವಿಮರ್ಶೆಗೆ ಅಡಿಪಾಯ ಹಾಕಿದ ಗ್ರಂಥ. ಸುಳ್ಳು ಹೊಗಳಿಕೆ ಕವಿಯನ್ನೂ ಕೆಡಿಸುತ್ತದೆ, ಹೊಗಳಿಸಿಕೊಂಡವನನ್ನೂ ಕೆಡಿಸುತ್ತದೆ, ಕೊನೆಗೆ ಭಾಷೆಯನ್ನೇ ಕೆಡಿಸುತ್ತದೆ ಎಂಬುದು ಅವರ ವಾದದ ತಿರುಳು.

ಹಾಲಿ ಬರೀ ಖಂಡಿಸಿ ಸುಮ್ಮನಾಗಲಿಲ್ಲ. 1897ರಲ್ಲಿ ತಮ್ಮ ಗುರು ಗಾಲಿಬರ ಬಗ್ಗೆ 'ಯಾದ್‌ಗಾರ್-ಎ-ಗಾಲಿಬ್' ಬರೆದರು. ಗುರುವಿನ ಕಾವ್ಯದ ಎತ್ತರದ ಜೊತೆಗೆ ಅವರ ಸಾಲ, ಅವರ ತಮಾಷೆ, ಜೂಜಿನ ಪ್ರಕರಣದಲ್ಲಿ ಅವರು ಜೈಲಿಗೆ ಹೋದದ್ದು ಎಲ್ಲವೂ ಆ ಪುಸ್ತಕದಲ್ಲಿದೆ. ಗಾಲಿಬ್ ಚಿಕ್ಕವರಾಗಲಿಲ್ಲ, ನಮ್ಮ ಹತ್ತಿರ ಬಂದರು. ಅದೇ ಹಾಲಿ 1901ರಲ್ಲಿ ಸರ್ ಸೈಯದ್ ಅಹ್ಮದ್ ಖಾನರ ಜೀವನಚರಿತ್ರೆ 'ಹಯಾತ್-ಎ-ಜಾವೇದ್' ಬರೆದಾಗ, ಶಿಬ್ಲಿ ನುಮಾನಿ ಅದನ್ನು ಬರೀ ಹೊಗಳಿಕೆಯೆಂದು ಟೀಕಿಸಿದರು. ಹೊಗಳಿಕೆಯ ರೋಗವನ್ನು ಗುರುತಿಸಿದ ವೈದ್ಯನಿಗೇ ಅದು ತಗುಲಿತೆಂದು ಆರೋಪ ಬಂತೆಂದರೆ, ನಮ್ಮಂಥವರು ಎಷ್ಟು ಎಚ್ಚರದಿಂದಿರಬೇಕು!

ಕನ್ನಡದಲ್ಲಿಯೂ ಗುರುಸ್ಮರಣೆಗೆ ಒಳ್ಳೆಯ ಮಾದರಿಗಳಿವೆ. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಕಾವ್ಯ ಪ್ರಕಟವಾದದ್ದು 1949ರಲ್ಲಿ. ವೆಂಕಣ್ಣಯ್ಯನವರು ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಆ ಅರ್ಪಣೆಯಿಂದ ಶಿಷ್ಯನಿಗೆ ಯಾವ ಲಾಭವೂ ಬರುವಂತಿರಲಿಲ್ಲ. ಅದಕ್ಕೇ ಅದಕ್ಕೆ ತೂಕವಿದೆ. ಇನ್ನು ಎಚ್. ನರಸಿಂಹಯ್ಯನವರ ಆತ್ಮಕಥೆ 'ಹೋರಾಟದ ಹಾದಿ'. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದ. ಮುಂದೆ ಅದೇ ಹುಡುಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. 'ನಡೆದುಕೊಂಡು ಬಂದ' ಎಂಬ ಒಂದು ಕ್ರಿಯಾಪದ ಇಪ್ಪತ್ತು ವಿಶೇಷಣಗಳ ಕೆಲಸ ಮಾಡುತ್ತದೆ. ಕಥೆಗಾರರಾದ ನಮಗೆ ಇದು ಗೊತ್ತಿರಬೇಕಿತ್ತು.

ಭಾಷೆಯ ಈ ಸೋಮಾರಿತನ ಬರೀ ಕಾಗದದಲ್ಲಿ ಉಳಿಯುವುದಿಲ್ಲ. ಅದು ನಾವು ಯಾರನ್ನು ನೋಡುತ್ತೇವೆ, ಯಾರನ್ನು ನೋಡುವುದಿಲ್ಲ ಎಂಬುದನ್ನು ತೀರ್ಮಾನಿಸುತ್ತದೆ. 2024ರ ಮೊದಲ ಪರೀಕ್ಷೆಯ ಅಂಕಿಗಳನ್ನೇ ತೆಗೆದುಕೊಳ್ಳೋಣ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದವು. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಉಡುಪಿ ಜಿಲ್ಲೆ ಶೇ. 94ರೊಂದಿಗೆ ಮೊದಲನೆಯದು, ಯಾದಗಿರಿ ಶೇ. 50.59ರೊಂದಿಗೆ ಕೊನೆಯದು. ಹುಡುಗಿಯರಲ್ಲಿ ನೂರಕ್ಕೆ 81 ಮಂದಿ ಪಾಸಾದರೆ ಹುಡುಗರಲ್ಲಿ 66 ಮಂದಿ ಮಾತ್ರ. ರಾಜ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಫೇಲಾದರು.

ಉಡುಪಿಯ ಮಕ್ಕಳನ್ನೂ ಶಿಕ್ಷಕರನ್ನೂ ನಾವು ಮನಸಾರೆ ಅಭಿನಂದಿಸೋಣ. ಆದರೆ ಯಾದಗಿರಿಯಲ್ಲಿ ಪಾಸಾದ ಅರ್ಧದಷ್ಟು ಮಕ್ಕಳ ಹಿಂದೆ ಯಾವ ಶಿಕ್ಷಕರಿದ್ದರು? ಹೊಲದ ಕೆಲಸದಿಂದ, ಗುಳೆ ಹೋಗುವ ತಂದೆತಾಯಿಯ ಬೆನ್ನಿನಿಂದ ಬಿಡಿಸಿ ತಂದು ಒಂದು ಮಗುವನ್ನು 250 ಅಂಕಕ್ಕೆ ಮುಟ್ಟಿಸಿದ ಮೇಷ್ಟ್ರು, ಓದಿದ ಮನೆಯ ಮಗುವನ್ನು 600 ದಾಟಿಸಿದ ಮೇಷ್ಟ್ರಿಗಿಂತ ಯಾವ ಲೆಕ್ಕದಲ್ಲಿ ಕಡಿಮೆ? ನಾವು ತಲುಪಿದ ಎತ್ತರವನ್ನು ಅಳೆಯುತ್ತೇವೆ. ಹತ್ತಿದ ಮೆಟ್ಟಿಲುಗಳನ್ನು ಎಣಿಸುವುದಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಎರಡನೆಯ, ಮೂರನೆಯ ಪರೀಕ್ಷೆಯಲ್ಲಿ ಪಾಸಾದ ಮಗುವಿನ ಫ್ಲೆಕ್ಸನ್ನು ನಾವು ಇದುವರೆಗೆ ಯಾವ ಊರಿನಲ್ಲೂ ಕಂಡಿಲ್ಲ.

ಸಿಬ್ಬಂದಿಯ ವಿಷಯದಲ್ಲಂತೂ ನಮ್ಮ ಕಣ್ಣು ಇನ್ನೂ ಮಂದ. ಪ್ರೌಢಶಾಲೆ ಎಂದರೆ ಮುಖ್ಯ ಶಿಕ್ಷಕರು ಮತ್ತು ನೂರಕ್ಕೆ ನೂರು ಫಲಿತಾಂಶ ತಂದ ವಿಷಯ ಶಿಕ್ಷಕರು, ಅಷ್ಟೆ. ಅಕ್ಷರ ದಾಸೋಹದ ಬಿಸಿಯೂಟ 2007ರಲ್ಲಿ ಎಂಟರಿಂದ ಹತ್ತನೇ ತರಗತಿವರೆಗೆ ವಿಸ್ತರಿಸಿತು. ಅಂದಿನಿಂದ ಎಷ್ಟೋ ಮಕ್ಕಳು ಮಧ್ಯಾಹ್ನ ಮನೆಗೆ ಓಡದೆ ತರಗತಿಯಲ್ಲಿ ಉಳಿದರು. ಆ ಅನ್ನ ಬೇಯಿಸಿದ ಹೆಂಗಸರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲಿದೆ? ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2018ರಿಂದ ಶಿಕ್ಷಕರು ತಾವೇ ಅರ್ಜಿ ಹಾಕಿಕೊಳ್ಳುವ ಪದ್ಧತಿ ಬಂದಿದೆ. ಶಿಫಾರಸಿನ ಕಾಟ ತಪ್ಪಿಸುವ ಉದ್ದೇಶ ಒಳ್ಳೆಯದೇ. ಆದರೆ ಜೇಬಿನಲ್ಲಿ ನೋಟ್‌ಬುಕ್ಕು ಇಟ್ಟುಕೊಂಡು ಓಣಿ ಸುತ್ತುವ ಮನುಷ್ಯ ತನ್ನ ಸಾಧನೆಯ ಕಡತವನ್ನು ತಾನೇ ಸಿದ್ಧಪಡಿಸಿಯಾನೆ? ಅವನ ಪರವಾಗಿ ಮಾತಾಡಬೇಕಾದವರು ಊರಿನವರು. ಊರಿನವರ ಮಾತು ಎಂದರೆ ಆ ಸನ್ಮಾನ ಪತ್ರವೇ. ಅದರಲ್ಲಿ ನಾವು ತುಂಬಿದ್ದು 'ಹಸನ್ಮುಖಿ, ನಿಗರ್ವಿ'.

ಇದಕ್ಕೆ ಪರಿಹಾರವೇನು ಎಂದು ಓದುಗರು ಕೇಳಬಹುದು. ಖರ್ಚಿನದೇನೂ ಅಲ್ಲ. ಸನ್ಮಾನ ಪತ್ರ ಬರೆಯುವವರು ಶಾಲೆಗೆ ಹೋಗಿ ಒಂದು ಗಂಟೆ ಕೂರಲಿ. ಮೂರು ಜನರನ್ನು ಮಾತಾಡಿಸಲಿ: ಒಬ್ಬ ವಿದ್ಯಾರ್ಥಿ, ಒಬ್ಬ ಸಹೋದ್ಯೋಗಿ, ಒಬ್ಬ ಅಡುಗೆಯವರು. ಒಂದು ಘಟನೆ ಸಿಗದಿದ್ದರೆ ಒಂದು ವಿಶೇಷಣವನ್ನೂ ಬರೆಯದಿರಲಿ. ಪ್ರತಿಭಾ ಪುರಸ್ಕಾರದ ಪಟ್ಟಿಯಲ್ಲಿ ಹೆಚ್ಚು ಅಂಕ ಪಡೆದವರ ಜೊತೆಗೆ, ಬಿಟ್ಟ ಶಾಲೆಗೆ ಮರಳಿ ಬಂದು ಪಾಸಾದವರಿಗೂ ಒಂದು ಸಾಲು ಇರಲಿ. ಅವರನ್ನು ಕರೆತಂದವರನ್ನು ಅವರ ಪಕ್ಕದಲ್ಲೇ ನಿಲ್ಲಿಸಲಿ. ಅತಿಥಿಗಳ ಭಾಷಣ ಸ್ವಲ್ಪ ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ. ಅತಿಥಿಗಳಾಗಿ ನಾವೇ ಈ ಮಾತು ಹೇಳುತ್ತಿದ್ದೇವೆ. ಬಡತನವನ್ನು ವೇದಿಕೆಗೆ ತಂದು ಪ್ರದರ್ಶನ ಮಾಡುವ ಅಪಾಯವೂ ಇಲ್ಲಿದೆ ಎಂಬುದು ನಮಗೆ ತಿಳಿದಿದೆ. ಅದಕ್ಕೇ ಮಗುವನ್ನು ಕೇಳಿ, ಅದು ಒಪ್ಪಿದಷ್ಟನ್ನೇ ಹೇಳಬೇಕು. ಅನುಕಂಪ ಬೇಡ, ನಡೆದದ್ದನ್ನು ಹೇಳಿದರೆ ಸಾಕು.

ಆ ಬಂಗಾರದ ಕಟ್ಟಿನ ಪತ್ರ ಈಗ ಮೇಷ್ಟ್ರ ಮನೆಯ ಗೋಡೆಯ ಮೇಲಿದೆ. ತೆಗೆದುಹಾಕಿ ಎಂದು ಹೇಳಿದೆವು; ಅವರು ಕೇಳಲಿಲ್ಲ. 'ಇರ್ಲಿ ಬಿಡಿ ಸಾಹೇಬ್ರೇ, ಪ್ರೀತಿಯಿಂದ ಕೊಟ್ಟಿದ್ದು' ಎಂದರು. ಹಾಗಾಗಿ ತಿದ್ದುಪಡಿಯನ್ನು ಇಲ್ಲಿ ಪ್ರಕಟಿಸುತ್ತಿದ್ದೇವೆ. ಅಂದು ಬರೆದ ಇಪ್ಪತ್ತೆರಡು ಸಾಲುಗಳ ಜಾಗದಲ್ಲಿ ಇಷ್ಟು ಸಾಕಿತ್ತು: 'ಇವರು ಶಾಲೆಗೆ ಬಾರದ ಮಕ್ಕಳ ಹೆಸರನ್ನು ಬರೆದಿಟ್ಟುಕೊಂಡು, ಸಂಜೆ ಅವರ ಮನೆ ಹುಡುಕಿಕೊಂಡು ಹೋಗುತ್ತಿದ್ದರು. ಇವರ ಜೊತೆ ಶಾಲೆಯ ಅಟೆಂಡರ್ ಹೋಗುತ್ತಿದ್ದರು. ಸಂಬಳವಿಲ್ಲದ ಮೇ ತಿಂಗಳಲ್ಲಿ ಗಣಿತದ ಟೀಚರ್ ಏಳು ಮಕ್ಕಳಿಗೆ ಲೆಕ್ಕ ಕಲಿಸಿದರು. ಐವರು ಪಾಸಾದರು. ಉಳಿದ ಇಬ್ಬರ ಹೆಸರು ಇವರ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ.'